ಓದುಗರ ಪ್ರಶ್ನೆ, ಟೀಚರ್ ಉತ್ತರ: ಕಾಮಿಕ್ಸ್‌ಗೆ ಕತೆ ಬರೆದವರು

ಕಳೆದ ಸಂಚಿಕೆಯಲ್ಲಿ ಮಕ್ಕಳ ಕಾಮಿಕ್ಸ್ ಬಗ್ಗೆ, ಅದರಲ್ಲೂ ಪುರಾಣದ ಕತೆಗಳ 'ಅಮರ ಚಿತ್ರ ಕಥೆ'ಯನ್ನು ಹೊಗಳಿ, ನಾಲ್ಕು ಮಾತು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳು ಮೇಜಿನ ಮೇಲೆ ರಾಶಿ ಬಿದ್ದಿವೆ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟು ಇವಕ್ಕೇ ಉತ್ತರ ಬರೆಯುತ್ತೇನೆ. ಎಂದಿನಂತೆ ಓದುಗರ ಹೆಸರು ಹಾಕಿಲ್ಲ.

*

ನಮ್ಮ ಕಟ್ಟಡದಲ್ಲಿ ಎಂಬತ್ತು ದಾಟಿದ ಹಿರಿಯರೊಬ್ಬರಿದ್ದಾರೆ. ತುಂಬಾ ವರ್ಷ ಕಾಮಿಕ್ಸ್‌ಗೆ ಕತೆ ಬರೆದವರು ಅಂತ ನಮಗೆ ಈಚೆಗಷ್ಟೇ ಗೊತ್ತಾಯಿತು. ಸಂಘದ ವಾರ್ಷಿಕೋತ್ಸವದಲ್ಲಿ ಅವರಿಗೆ ಸನ್ಮಾನ ಮಾಡಬೇಕೆಂದಿದ್ದೇವೆ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲರಿಗೂ ಕೊಡುವುದೇ. ಇವರಿಗೆ ಬೇರೇನು ಮಾಡಬಹುದು ಟೀಚರ್?
– ಕನ್ನಡ ಸಂಘದ ಕಾರ್ಯದರ್ಶಿ, ಡೊಂಬಿವಲಿ

ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು. ಶಾಲು, ಹಾರ ಬೇಡ ಅನ್ನುವುದಿಲ್ಲ. ಹಿರಿಯರಿಗೆ ಅದೂ ಸಂತೋಷವೇ. ಆದರೆ ಅದಕ್ಕೆ ಮೊದಲು ಒಂದು ಕೆಲಸ ಮಾಡಿ. ಅವರು ಬರೆದದ್ದನ್ನು ಹುಡುಕಿ ತಂದು ಓದಿ. ಸಂಘದ ನಾಲ್ಕು ಜನವಾದರೂ ಓದಿರಬೇಕು. ಓದದೆ ಮಾಡುವ ಸನ್ಮಾನ ವೇದಿಕೆಯ ಮೇಲೆ ಕೂತವರಿಗೆ ತಕ್ಷಣ ಗೊತ್ತಾಗುತ್ತದೆ.

ಹಳೆಯ ಪ್ರತಿಗಳಿಗೆ ಮಾಟುಂಗಾದ ಕಿಂಗ್ಸ್ ಸರ್ಕಲ್‌ಗೆ ಹೋಗಿ. ಮಹೇಶ್ವರಿ ಉದ್ಯಾನದ ಹತ್ತಿರ ಫುಟ್‌ಪಾತ್ ಮೇಲೆ ಹಳೆಯ ಪುಸ್ತಕ ಮಾರುತ್ತಾರೆ. ಅಂಗಡಿಯವರ ಹತ್ತಿರ ಹೆಸರು ಹೇಳಿ ಫೋನ್ ನಂಬರ್ ಕೊಟ್ಟು ಬನ್ನಿ. ಸಿಕ್ಕಿದರೆ ತೆಗೆದಿಡುತ್ತಾರೆ. ಹಿರಿಯರ ಮನೆಯಲ್ಲೇ ಪ್ರತಿಗಳಿದ್ದರೂ ಇರಬಹುದು. ಆದರೆ ನೀವಾಗಿಯೇ ಹುಡುಕಿ ತಂದ ಪ್ರತಿ ನೋಡಿದಾಗ ಅವರ ಮುಖ ಹೇಗಾಗುತ್ತದೆ ನೋಡಿ!

ಆಮೇಲೆ ಸಂಘದ ಸದಸ್ಯರಿಗೆಲ್ಲ ಹೇಳಿ, ಒಬ್ಬೊಬ್ಬರೂ ಅವರಿಗೆ ಒಂದು ಪತ್ರ ಬರೆಯಲಿ. ಚಿಕ್ಕದಿದ್ದರೆ ಸಾಕು. ಆದರೆ 'ನಿಮ್ಮ ಕತೆಗಳು ತುಂಬಾ ಚೆನ್ನಾಗಿದ್ದವು' ಅಂತ ಬರೆದು ಮುಗಿಸಬೇಡಿ. ಯಾವ ಕತೆ, ಯಾವ ಪುಟ, ಯಾರು ಆಡಿದ ಯಾವ ಮಾತು ಮನಸ್ಸಲ್ಲಿ ಉಳಿಯಿತು ಅಂತ ಬರೆಯಿರಿ. ಎಲ್ಲಿ ಕೂತು ಓದಿದಿರಿ? ಲೋಕಲ್ ಟ್ರೈನಿನಲ್ಲೋ, ಊರಿಗೆ ಹೋಗುವ ರಾತ್ರಿ ಬಸ್ಸಿನಲ್ಲೋ, ಜ್ವರ ಬಂದು ಮಲಗಿದ್ದಾಗಲೋ? ಅದನ್ನೂ ಬರೆಯಿರಿ. ಬರೆಯುವವರಿಗೆ ತಮ್ಮ ಬರಹ ಯಾರ ಮನೆಗೆ ಹೋಯಿತು, ಅಲ್ಲಿ ಏನಾಯಿತು ಅಂತ ಗೊತ್ತಾಗುವುದೇ ಇಲ್ಲ. ನಾಟಕದವರಿಗೆ ಚಪ್ಪಾಳೆಯಾದರೂ ಕೇಳಿಸುತ್ತದೆ. ಇವರಿಗೆ ಅದೂ ಇಲ್ಲ.

ಕಾರ್ಯಕ್ರಮದಲ್ಲಿ ಅವರದೇ ಒಂದು ಕತೆಯನ್ನು ಮಕ್ಕಳ ಕೈಲಿ ಓದಿಸಿ. ಒಂದು ಮಗು ನಿರೂಪಣೆ ಓದಲಿ, ಉಳಿದವರು ಒಂದೊಂದು ಪಾತ್ರ ಹಂಚಿಕೊಳ್ಳಲಿ. ಹಿಂದೆ ಪರದೆಯ ಮೇಲೆ ಪುಟ ತೋರಿಸಿ. ಅಧ್ಯಕ್ಷರ ಭಾಷಣ ಐದು ನಿಮಿಷಕ್ಕೆ ಇಳಿಸಿದರೆ ಇದಕ್ಕೆಲ್ಲ ಸಮಯ ಸಿಗುತ್ತದೆ.

ಇನ್ನೊಂದು ಮುಖ್ಯ ಮಾತು. ಅವರ ಜೊತೆ ಕೆಲಸ ಮಾಡಿದವರು ಯಾರಾದರೂ ಇದ್ದಾರಾ ಅಂತ ವಿಚಾರಿಸಿ. ಚಿತ್ರ ಬರೆದವರು, ಬಣ್ಣ ಹಾಕಿದವರು, ಅಕ್ಷರ ಬರೆದವರು, ಯಾರಾದರೂ ಸರಿ. ನಾವು ಓದುಗರು ಮುಗಿದ ಪುಸ್ತಕವನ್ನಷ್ಟೇ ಹೊಗಳಬಲ್ಲೆವು. ಅದು ಮುಗಿಯುವ ಮೊದಲು ಎಷ್ಟು ಸಲ ತಿದ್ದಿಸಿಕೊಂಡಿತು, ಯಾವ ಪುಟಕ್ಕೆ ಜಗಳವಾಯಿತು, ಯಾರು ಸೋತರು, ಇದನ್ನು ಹೇಳಬಲ್ಲವರು ಜೊತೆಗಾರರು ಮಾತ್ರ. ಅಂಥ ಒಬ್ಬರು ಸಿಕ್ಕಿದರೆ ಮೈಕ್ ಅವರ ಕೈಗೆ ಕೊಡಿ.

ಕಾಮಿಕ್ಸ್‌ನಲ್ಲಿ ಕತೆ ಬರೆದವರ ಹೆಸರು ಬೇಗ ಮರೆತುಹೋಗುತ್ತದೆ. 'ಟಿಂಕಲ್' ಮಕ್ಕಳ ಪತ್ರಿಕೆಯ ಶಿಕಾರಿ ಶಂಭು ಅಂದ ಕೂಡಲೇ ಕಣ್ಣು ಮುಚ್ಚುವ ಹಾಗೆ ಇಳಿದ ಟೋಪಿ ಎಲ್ಲರಿಗೂ ನೆನಪಾಗುತ್ತದೆ. ಆ ಟೋಪಿ ಚಿತ್ರಕಾರ ವಸಂತ ಹಳಬೆ ಅವರ ಕೈಚಳಕ. ಆದರೆ ಹುಲಿ ಕಂಡರೆ ಓಡುವ ಬೇಟೆಗಾರ ಪ್ರತಿ ಸಲವೂ ಶೂರ ಅನ್ನಿಸಿಕೊಳ್ಳುವ ಹಾಗೆ ಕತೆ ಕಟ್ಟಿದವರು ಲೂಯಿಸ್ ಫೆರ್ನಾಂಡಿಸ್. ಕಾಲಿಯಾ ಕಾಗೆಯ ಕತೆಗಳೂ, ತಂತ್ರಿ ಮಂತ್ರಿಯ ಕತೆಗಳೂ ಅವರವೇ. ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಕಮಲಾ ಚಂದ್ರಕಾಂತ್, ಸುಬ್ಬರಾವ್ ಹೆಸರುಗಳೂ ಹಾಗೇ. ಅಮರ ಚಿತ್ರ ಕಥೆಯ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿರುತ್ತಿದ್ದವು. ನಾವು ಪುಟ ತಿರುಗಿಸಿ ನೇರ ಕತೆಗೆ ಹೋಗುತ್ತಿದ್ದೆವು, ಅಲ್ವಾ?

ಕೊನೆಗೆ, ವಾರ್ಷಿಕೋತ್ಸವ ಯಾವಾಗ ಅಂತ ನೀವು ಬರೆದಿಲ್ಲ. ದೂರ ಇದ್ದರೆ ಅಲ್ಲಿಯವರೆಗೆ ಕಾಯಬೇಡಿ. ಭಾರತದ ಮೊದಲ ಕಾಮಿಕ್ ಕಾನ್, ಅಂದರೆ ಕಾಮಿಕ್ಸ್ ಮೇಳ, ದೆಹಲಿಯಲ್ಲಿ ನಡೆದಾಗ ಅಮರ ಚಿತ್ರ ಕಥೆಯ ಅನಂತ ಪೈ, ಮಕ್ಕಳ 'ಅಂಕಲ್ ಪೈ', ಅವರಿಗೆ ಜೀವಮಾನ ಸಾಧನೆಯ ಪ್ರಶಸ್ತಿ ಕೊಟ್ಟರು. ಅದು 2011ರ ಫೆಬ್ರವರಿ 19. ಫೆಬ್ರವರಿ 24ಕ್ಕೆ ಅವರು ಮುಂಬೈಯಲ್ಲಿ ತೀರಿಕೊಂಡರು. ನಡುವೆ ಐದೇ ದಿನ. ಅಷ್ಟಾದರೂ ಆಯಿತಲ್ಲ ಅಂತ ನನಗೆ ಈಗಲೂ ಸಮಾಧಾನ. ಎಂಬತ್ತು ದಾಟಿದವರ ವಿಷಯದಲ್ಲಿ ಮುಂದಿನ ತಿಂಗಳು ನೋಡೋಣ ಅನ್ನಬಾರದು.

*

ಅಂಕಲ್ ಪೈ ನಮ್ಮ ಕಡೆಯವರು ಅಂತ ನಮ್ಮ ಮಾವ ಹೇಳುತ್ತಾರೆ. ಹೌದಾ? ಅಮರ ಚಿತ್ರ ಕಥೆ ಮೊದಲು ಬಂದದ್ದು ಕನ್ನಡದಲ್ಲಿ ಅಂತಲೂ ಅನ್ನುತ್ತಾರೆ. ಅದು ಸ್ವಲ್ಪ ಜಾಸ್ತಿಯಾಯಿತು ಅನ್ನಿಸುತ್ತದೆ.
– ಗೃಹಿಣಿ, ಘಾಟ್‌ಕೋಪರ್

ನಿಮ್ಮ ಮಾವ ಹೇಳುವುದು ಸರಿ. ಅನಂತ ಪೈ ಹುಟ್ಟಿದ್ದು ಕಾರ್ಕಳದಲ್ಲಿ, 1929ರ ಸೆಪ್ಟೆಂಬರ್ 17ರಂದು. ಎರಡು ವರ್ಷದ ಮಗುವಿದ್ದಾಗಲೇ ತಂದೆ ತಾಯಿ ಇಬ್ಬರೂ ಹೋದರು. ಹನ್ನೆರಡನೇ ವಯಸ್ಸಿಗೆ ಮುಂಬೈಗೆ ಬಂದರು. ಮಾಹಿಮ್‌ನ ಓರಿಯಂಟ್ ಸ್ಕೂಲಿನಲ್ಲಿ ಓದಿದರು. ಆಮೇಲೆ ಮಾಟುಂಗಾದ ಯುಡಿಸಿಟಿ ಕಾಲೇಜಿನಲ್ಲಿ ಕೆಮಿಕಲ್ ಟೆಕ್ನಾಲಜಿ. ಅಷ್ಟು ಓದಿದವರು ಫ್ಯಾಕ್ಟರಿ ಸೇರುತ್ತಾರೆ. ಇವರು 1954ರಲ್ಲಿ 'ಮಾನವ್' ಅಂತ ಮಕ್ಕಳ ಪತ್ರಿಕೆ ಶುರು ಮಾಡಿದರು. ಅದು ನಡೆಯಲಿಲ್ಲ. ಟೈಮ್ಸ್ ಆಫ್ ಇಂಡಿಯಾದ ಪುಸ್ತಕ ವಿಭಾಗಕ್ಕೆ ಸೇರಿದರು. 1964ರಲ್ಲಿ ಅಲ್ಲಿಂದ ಇಂದ್ರಜಾಲ ಕಾಮಿಕ್ಸ್ ಬಂತು, ಫ್ಯಾಂಟಮ್ ನಮ್ಮ ಮನೆಗಳಿಗೆ ಬಂದ.

1967ರಲ್ಲಿ ದೆಹಲಿಯಲ್ಲಿ ಪೈ ಅವರು ಟಿವಿಯಲ್ಲಿ ಒಂದು ಕ್ವಿಜ್ ನೋಡಿದರಂತೆ. ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರ ಕೊಟ್ಟ ಮಕ್ಕಳಿಗೆ ರಾಮನ ತಾಯಿಯ ಹೆಸರು ಗೊತ್ತಿರಲಿಲ್ಲ. ಅವರು ಇದನ್ನು ಎಷ್ಟೋ ಕಡೆ ಹೇಳಿಕೊಂಡಿದ್ದಾರೆ. ಟೈಮ್ಸ್‌ನ ಕೆಲಸ ಬಿಟ್ಟು ಇಂಡಿಯಾ ಬುಕ್ ಹೌಸ್ ಪ್ರಕಾಶನದ ಜೊತೆ ಅಮರ ಚಿತ್ರ ಕಥೆ ಶುರು ಮಾಡಿದರು.

ಇನ್ನು ಕನ್ನಡದ ವಿಷಯ. ಅದಕ್ಕೂ ಮೊದಲೇ, 1965ರಲ್ಲಿ, ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್‌ನ ಜಿ.ಕೆ. ಅನಂತರಾಮ್ ಅವರು ಅದೇ ಮಾಲೆಯ ಮೊದಲ ಹತ್ತು ಪುಸ್ತಕಗಳನ್ನು ಕನ್ನಡದಲ್ಲಿ ತಂದಿದ್ದರು. ಅವು ಸಿಂಡ್ರೆಲ್ಲಾ ತರಹದ ಪಶ್ಚಿಮದ ಕತೆಗಳು. ಹಾಗಾಗಿಯೇ ಪೈ ಬರೆದು ರಾಮ್ ವಾಯೀರ್ಕರ್ ಚಿತ್ರ ಹಾಕಿದ 'ಕೃಷ್ಣ' ಇಂಗ್ಲಿಷಿನಲ್ಲಿ ಬಂದಾಗ ಅದರ ಸಂಖ್ಯೆ 11 ಆಯಿತು. ಹಳೆಯ ಪ್ರತಿ ಸಿಕ್ಕಿದರೆ ಮುಖಪುಟ ನೋಡಿ. ಮಾವನಿಗೂ ತೋರಿಸಿ.

*

ಕಾಮಿಕ್ಸ್‌ನಲ್ಲಿ ಎಲ್ಲಾ ಕೆಲಸ ಚಿತ್ರ ಬರೆಯುವವರದ್ದೇ ಅಲ್ಲವೇ? ಕತೆ ಮೊದಲೇ ಪುರಾಣದಲ್ಲಿ ಇರುತ್ತದೆ. ಹಾಗಾದರೆ ಬರೆಯುವವರು ಏನು ಮಾಡುತ್ತಾರೆ ಟೀಚರ್?
– 9ನೇ ತರಗತಿ ವಿದ್ಯಾರ್ಥಿ, ಪುಣೆ

ಒಳ್ಳೇ ಪ್ರಶ್ನೆ ಮಗಾ. ನೀನೇ ಒಮ್ಮೆ ಬರೆದು ನೋಡು, ಗೊತ್ತಾಗುತ್ತದೆ.

ನಿನ್ನ ಹತ್ತಿರ 32 ಪುಟ ಇದೆ ಅಂದುಕೋ. ಅಮರ ಚಿತ್ರ ಕಥೆ ಅಷ್ಟೇ ಇರುತ್ತಿತ್ತು. ಒಂದು ಪುಟಕ್ಕೆ ಐದಾರು ಚೌಕ. ಅಷ್ಟರಲ್ಲಿ ಕರ್ಣನ ಇಡೀ ಜೀವನ ಬರೆಯಬೇಕು. ಹುಟ್ಟಿದ್ದು, ನದಿಯಲ್ಲಿ ಬಿಟ್ಟದ್ದು, ಪರಶುರಾಮರ ಶಾಪ, ಕವಚ ಕುಂಡಲ ಕೊಟ್ಟದ್ದು, ಕುಂತಿ ಬಂದು ಕೇಳಿದ್ದು, ಯುದ್ಧ. ಯಾವುದಕ್ಕೆ ಎಷ್ಟು ಚೌಕ ಕೊಡುತ್ತೀ? ಯಾವುದನ್ನು 'ಹೀಗೆ ವರ್ಷಗಳು ಕಳೆದವು' ಅಂತ ಒಂದು ಸಾಲಿನಲ್ಲಿ ದಾಟಿಸುತ್ತೀ? ಯಾವುದನ್ನು ಬಿಟ್ಟೇಬಿಡುತ್ತೀ? ಇದನ್ನೆಲ್ಲ ತೀರ್ಮಾನ ಮಾಡುವುದು ಬರೆಯುವವರು.

ಆಮೇಲೆ ಒಂದೊಂದು ಚೌಕಕ್ಕೂ ಚಿತ್ರಕಾರರಿಗೆ ಬರೆದು ಕೊಡಬೇಕು. ಇಲ್ಲಿ ಯಾರು ಯಾರು ಇದ್ದಾರೆ, ಹಗಲೋ ರಾತ್ರಿಯೋ, ಯಾರು ನಿಂತಿದ್ದಾರೆ, ಯಾರ ಮುಖ ಹತ್ತಿರದಿಂದ ಕಾಣಬೇಕು. ಮೇಲಿನ ಪಟ್ಟಿಯಲ್ಲಿ ನಿರೂಪಣೆ ಏನು, ಬಲೂನಿನಲ್ಲಿ ಮಾತು ಏನು. ಮೊದಲು ಮಾತಾಡುವವರು ಎಡಗಡೆ ಇರಬೇಕು, ಇಲ್ಲದಿದ್ದರೆ ಉತ್ತರವನ್ನು ಪ್ರಶ್ನೆಗಿಂತ ಮೊದಲೇ ಓದಿಬಿಡುತ್ತೇವೆ. ಪುಟದ ಕೊನೆಯ ಚೌಕದಲ್ಲಿ ಏನಾದರೂ ಕುತೂಹಲ ಉಳಿದಿರಬೇಕು. ಹಾಗಿದ್ದರೆ ಮಾತ್ರ ಕೈ ತಾನಾಗಿಯೇ ಪುಟ ತಿರುಗಿಸುತ್ತದೆ.

ಎಲ್ಲಕ್ಕಿಂತ ಕಷ್ಟ, ಚಿತ್ರ ಹೇಳಿದ್ದನ್ನು ಮಾತಿನಲ್ಲಿ ಮತ್ತೆ ಹೇಳದೆ ಇರುವುದು. ರಾಜನ ಕೈಯಲ್ಲಿ ಕತ್ತಿ ಕಾಣುತ್ತಿರುವಾಗ 'ರಾಜ ಕತ್ತಿ ಹಿಡಿದನು' ಅಂತ ಯಾಕೆ?

ನಾನು ಕಲಿಸುತ್ತಿದ್ದ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಒಂದು ಆಟ ಆಡಿಸುತ್ತಿದ್ದೆ. ಹರಿದ ಕಾಮಿಕ್ಸ್ ಪುಟ ತೆಗೆದುಕೊಂಡು ಬಲೂನುಗಳ ಮೇಲೆಲ್ಲ ಬಿಳಿ ಕಾಗದ ಅಂಟಿಸುವುದು. ಚಿತ್ರ ನೋಡಿ ಮಾತು ಮಕ್ಕಳೇ ಬರೆಯಬೇಕು. ಒಬ್ಬ ಹುಡುಗ ಮಂತ್ರಿಯ ಬಾಯಿಗೆ ಎಷ್ಟು ಮಾತು ತುಂಬಿದ ಅಂದರೆ, ಒತ್ತಕ್ಷರಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡು, ಸಾಲುಗಳು ಬಲೂನು ದಾಟಿ ರಾಜನ ಕಿರೀಟದ ಮೇಲೆ ಹೋದವು. ಹೊಸ ಕಾಗದ ಅಂಟಿಸಿಕೊಟ್ಟೆ. ಪೆನ್ಸಿಲ್ ಕಚ್ಚುತ್ತಾ ತುಂಬಾ ಹೊತ್ತು ಕೂತ. ಆಮೇಲೆ ಬರೆದದ್ದು ಎರಡೇ ಶಬ್ದ: 'ಖಜಾನೆ ಖಾಲಿ!' ಇಡೀ ಕ್ಲಾಸು ನಕ್ಕಿತು. ಕಾಮಿಕ್ಸ್ ಬರೆಯುವುದು ಅಂದರೆ ಅದೇ ಮಗಾ. ಅವನು ಮಾಡಿದ್ದನ್ನು ಒಬ್ಬ ಬರಹಗಾರ ಪ್ರತಿ ಚೌಕಕ್ಕೂ ಮಾಡಬೇಕು.

ಚಿತ್ರಕಾರರ ಕೆಲಸ ಸಣ್ಣದು ಅಂತ ತಿಳಿಯಬೇಡ. ನೀನಿರುವ ಪುಣೆಯವರೇ ಪ್ರತಾಪ್ ಮುಳಿಕ್ ಮತ್ತು ದಿಲೀಪ್ ಕದಂ. ಅಮರ ಚಿತ್ರ ಕಥೆಯ ಮಹಾಭಾರತ 42 ಸಂಚಿಕೆಗಳಲ್ಲಿ ಬಂತು. ಅದರ ಚಿತ್ರ ದಿಲೀಪ್ ಕದಂ ಅವರದು. ಅಷ್ಟೊಂದು ರಾಜರು, ಅಷ್ಟೊಂದು ರಥಗಳು! ಬರೆಯುವವರು 'ಎರಡೂ ಸೇನೆ ಎದುರುಬದುರು ನಿಂತಿವೆ' ಅಂತ ಅರ್ಧ ಸಾಲು ಬರೆದು ಕೈತೊಳೆದುಕೊಳ್ಳಬಹುದು. ಆನೆ, ಕುದುರೆ, ಬಾವುಟ ಎಲ್ಲ ಒಂದೊಂದಾಗಿ ಬಿಡಿಸಬೇಕಾದವರು ಚಿತ್ರಕಾರರೇ.

*

ನನ್ನ ಮಗಳು ಕಾಮಿಕ್ಸ್ ಬಿಟ್ಟು ಬೇರೇನೂ ಓದುವುದಿಲ್ಲ. ಬಿಡಿಸಬೇಕೇ?
– ತಾಯಿ, ಠಾಣೆ

ಬೇಡಮ್ಮ. ಓದುತ್ತಿದ್ದಾಳಲ್ಲ. ಕನ್ನಡದ ಕಾಮಿಕ್ಸ್ ಸಿಕ್ಕಿದರೆ ತಂದುಕೊಡಿ, ರಾತ್ರಿ ನೀವೂ ಒಂದು ಪಾತ್ರ ವಹಿಸಿಕೊಂಡು ಜೊತೆಗೆ ಗಟ್ಟಿಯಾಗಿ ಓದಿ. ಮನೆಯಲ್ಲಿ ಕನ್ನಡ ಮಾತಾಡಿದರೂ ಅಕ್ಷರ ಓದಲು ತಡವರಿಸುವ ಮುಂಬೈ ಮಕ್ಕಳಿಗೆ ಇದಕ್ಕಿಂತ ಸುಲಭದ ದಾರಿ ನಾನು ಕಂಡಿಲ್ಲ.

*

ಅಮರ ಚಿತ್ರ ಕಥೆಯಲ್ಲಿ ದೇವರೆಲ್ಲ ಬೆಳ್ಳಗೆ, ರಾಕ್ಷಸರೆಲ್ಲ ಕಪ್ಪಗೆ. ಹೆಂಗಸರು ಹೆಚ್ಚಾಗಿ ಅಳುತ್ತಾ ಇರುತ್ತಾರೆ. ನೀವು ಅದನ್ನು ಇಷ್ಟು ಹೊಗಳಿದ್ದು ನನಗೆ ಸರಿ ಕಾಣಲಿಲ್ಲ. ಮೊಮ್ಮಗನಿಗೆ ಕೊಡಲು ಮನಸ್ಸಾಗುವುದಿಲ್ಲ.
– ನಿವೃತ್ತ ಬ್ಯಾಂಕ್ ಅಧಿಕಾರಿ, ವಾಸ್ಕೋ

ನೀವು ಹೇಳುವುದರಲ್ಲಿ ಹುರುಳಿದೆ ಸರ್. ವಿದ್ವಾಂಸರೂ ಇದನ್ನೇ ಬರೆದಿದ್ದಾರೆ. ಬಣ್ಣದ ವಿಷಯ ಮಾತ್ರವಲ್ಲ, ಯಾವ ಜಾತಿ, ಯಾವ ಧರ್ಮದವರನ್ನು ಹೇಗೆ ತೋರಿಸಿದ್ದಾರೆ ಅನ್ನುವ ಪ್ರಶ್ನೆಯೂ ಇದೆ. ನಾನು ಪೈ ಅವರ ಅಭಿಮಾನಿ. ಆದರೂ ಅದು ಸುಳ್ಳು ಅಂತ ವಾದಿಸಲಾರೆ. ಕಪ್ಪು ಮೈಬಣ್ಣದ ಮಗು ಆ ಪುಟದಲ್ಲಿ ತನ್ನನ್ನು ಎಲ್ಲಿ ಹುಡುಕಬೇಕು? ನನ್ನ ಕ್ಲಾಸಿನಲ್ಲಿ ಅಂಥ ಮಕ್ಕಳೇ ಜಾಸ್ತಿ ಇದ್ದರು.

ಆದರೆ ಪುಸ್ತಕ ಬಚ್ಚಿಡಬೇಡಿ. ಮೊಮ್ಮಗನ ಪಕ್ಕ ಕೂತು ಓದಿ. 'ಈ ರಾಕ್ಷಸನಿಗೆ ಯಾಕೆ ಈ ಬಣ್ಣ ಹಾಕಿದರು?' ಅಂತ ನೀವೇ ಕೇಳಿ. ಏಳೆಂಟು ವರ್ಷದ ಮಕ್ಕಳೂ ಇದಕ್ಕೆ ಚೆನ್ನಾಗಿ ಉತ್ತರ ಕೊಡುತ್ತಾರೆ. ಪೈ ಅವರ ಮೇಲಿನ ನನ್ನ ಗೌರವ ಇದರಿಂದ ಕಡಿಮೆಯಾಗುವುದಿಲ್ಲ. ದೇಶದ ಮೂಲೆಮೂಲೆಯ ಕತೆಗಳನ್ನು ಕೂಲಿಯವರ ಮಕ್ಕಳೂ ಬಾಡಿಗೆಗೆ ತಂದು ಓದುವ ಹಾಗೆ ಮಾಡಿದವರು ಅವರು. ಎರಡನ್ನೂ ಹೇಳಬೇಕು ಅಂತ ನನ್ನ ಅಭಿಪ್ರಾಯ.

*

ನನಗೆ ಸುಪ್ಪಂಡಿ ತುಂಬಾ ಇಷ್ಟ. ನನ್ನ ಹತ್ತಿರ ಸುಪ್ಪಂಡಿಗೆ ಒಂದು ಹೊಸ ಕತೆ ಇದೆ. ಮಕ್ಕಳು ಕಳಿಸಿದರೆ ತೆಗೆದುಕೊಳ್ಳುತ್ತಾರಾ?
– 5ನೇ ತರಗತಿ ವಿದ್ಯಾರ್ಥಿನಿ, ಮೀರಾ ರೋಡ್

ಸುಪ್ಪಂಡಿ ಬಂದದ್ದೇ ಓದುಗರ ಕಡೆಯಿಂದ ಪುಟ್ಟಿ! 'ಟಿಂಕಲ್' 1980ರಲ್ಲಿ ಶುರುವಾಯಿತು. ಅಂಥ ಪತ್ರಿಕೆ ಬೇಕು ಅಂದವರು ಸುಬ್ಬರಾವ್, ಸಂಪಾದಕರು ಅಂಕಲ್ ಪೈ. ತಿರುಚ್ಚಿಯ ಓದುಗರೊಬ್ಬರು ಅಲ್ಲಿಯ ಪೆದ್ದು ಹುಡುಗನೊಬ್ಬನ ಜನಪದ ಕತೆಗಳನ್ನು ಬರೆದು ಕಳಿಸಿದರು. 1983ರಲ್ಲಿ ಸುಪ್ಪಂಡಿ ಅಚ್ಚಾದ. ರಾಮ್ ವಾಯೀರ್ಕರ್ ಅವನಿಗೆ ಆ ಉದ್ದನೆಯ ತಲೆ ಕೊಟ್ಟರು. ಅವರು ತೀರಿಕೊಂಡ ಮೇಲೆ ಅವರ ಮಗಳು ಅರ್ಚನಾ ಅಂಬೇರ್ಕರ್ ಚಿತ್ರ ಮುಂದುವರಿಸಿದರು.

ನಿನ್ನ ಕತೆ ಕಳಿಸು. ಪತ್ರಿಕೆಯ ಒಳಪುಟದಲ್ಲಿ ವಿಳಾಸ ಇರುತ್ತದೆ. ಕಾಗದದ ಒಂದೇ ಬದಿಯಲ್ಲಿ ಬಿಡಿಸಿ ಬರೆ. ಹೆಸರು, ವಯಸ್ಸು, ತರಗತಿ ಕೆಳಗೆ ಹಾಕು. ಕತೆಯ ಜೊತೆ ಇನ್ನೊಂದು ಚೀಟಿಯಲ್ಲಿ, ನೀನು ಓದಿದ ಯಾವ ಸುಪ್ಪಂಡಿ ಕತೆ ನಿನಗೆ ತುಂಬಾ ನಗು ತರಿಸಿತು ಅಂತ ಬರೆ. ಕತೆಯ ಹೆಸರಿನ ಪಕ್ಕ ಅದನ್ನು ಬರೆದವರ ಹೆಸರು ಇದೆಯಾ ನೋಡು. ಇದ್ದರೆ ಚೀಟಿಯ ಮೇಲೆ 'ಇವರಿಗೆ ಕೊಡಿ' ಅಂತ ಆ ಹೆಸರು ಹಾಕು. ಲಕೋಟೆ ಅಂಟಿಸುವ ಮೊದಲು ಕತೆಯ ಒಂದು ಪ್ರತಿ ನಿನ್ನ ಹತ್ತಿರ ಇಟ್ಟುಕೋ. ನನಗೂ ಒಂದು ಕಳಿಸು, ಓದುತ್ತೇನೆ.