ಅಪ್ಪನ ಗಂಟು, ಮಗಳ ಕಾರ್ಡು

ಪ್ರಶ್ನೆ: ನಮ್ಮದು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲೂಕು. ಎರಡು ಎಕರೆ ಅಡಿಕೆ ತೋಟ, ಎಪಿಎಲ್ ಕಾರ್ಡು. ಮಳೆಗಾಲದಲ್ಲಿ ನಮ್ಮ ಭಾವನವರಿಗೆ ಎದೆನೋವು ಬಂದು ಸ್ಟೆಂಟ್ (ಹೃದಯದ ಕಟ್ಟಿದ ರಕ್ತನಾಳ ತೆರೆದಿಡುವ ಪುಟ್ಟ ಕೊಳವೆ) ಹಾಕಿಸಬೇಕಾಯಿತು. ಅಡಿಕೆ ಮಂಡಿಯಲ್ಲಿ ಮುಂಗಡ ತಂದು ಬಿಲ್ ಕಟ್ಟಿದರು. ಅಲ್ಲಿಂದ ಮನೆಯಲ್ಲಿ ದಿನಾ ಒಂದೇ ಜಗಳ. ‘ಬಿಟ್ಟಿ ಕೊಟ್ಟು ಕೊಟ್ಟು ಜನ ಸೋಮಾರಿಗಳಾದರು. ನಮ್ಮ ಕಾಯಿಲೆಗೆ ನಾವೇ ಗಂಟು ಮಾಡಿಟ್ಟುಕೊಳ್ಳಬೇಕು’ ಅಂತ ನಮ್ಮ ಯಜಮಾನರು. ‘ಚಿಕಿತ್ಸೆ ಎಲ್ಲರಿಗೂ ಸರ್ಕಾರದ್ದೇ ಆಗಬೇಕು’ ಅಂತ ನರ್ಸಿಂಗ್ ಓದುತ್ತಿರುವ ಮಗಳು. ಯಾರ ಮಾತು ಸರಿ? ನಾವು ವಿಮೆ ಮಾಡಿಸಬೇಕಾ, ಸರ್ಕಾರದ ಆರೋಗ್ಯ ಕಾರ್ಡು ನಂಬಿಕೊಂಡು ಇರಬೇಕಾ?
– ಒಬ್ಬ ಗೃಹಿಣಿ, ಹೊಸನಗರ ತಾಲೂಕು

ಸಮುದಾಯ ಆರೋಗ್ಯ ತಜ್ಞರ ಉತ್ತರ:

ಮೊದಲು ನಿಮ್ಮ ಭಾವನವರ ಆಸ್ಪತ್ರೆ ಬಿಲ್ಲನ್ನು ತೆಗೆದು ನೋಡಿ. ಅದರಲ್ಲಿ ಸ್ಟೆಂಟಿನ ಬೆಲೆ, ಕಂಪನಿಯ ಹೆಸರು, ಬ್ಯಾಚ್ ನಂಬರ್ ಬೇರೆಯಾಗಿ ಬರೆದಿರಬೇಕು. 2017ರ ಫೆಬ್ರವರಿಗೆ ಮುಂಚೆ ಔಷಧ ಲೇಪಿಸಿದ ಸ್ಟೆಂಟ್ ಒಂದಕ್ಕೇ ಲಕ್ಷ ರೂಪಾಯಿ ದಾಟುತ್ತಿತ್ತು. ಆ ತಿಂಗಳು ಕೇಂದ್ರದ ಔಷಧ ಬೆಲೆ ಪ್ರಾಧಿಕಾರ 29,600 ರೂಪಾಯಿ ಅಂತ ಗರಿಷ್ಠ ದರ ಕಟ್ಟಿತು. ಆಮೇಲೆ ಸ್ವಲ್ಪ ಏರಿದೆ, ಆದರೆ ಹಳೆಯ ಲಕ್ಷದ ಲೆಕ್ಕಕ್ಕೆ ಹೋಗಿಲ್ಲ. ಭಾವನವರು ಸ್ವಂತ ದುಡ್ಡೇ ಕಟ್ಟಿದರು, ಒಪ್ಪೋಣ. ಆದರೆ ಆ ದುಡ್ಡು ಸಾಕಾಗುವ ಹಾಗೆ ಮಾಡಿದ್ದು ಒಂದು ಸರ್ಕಾರಿ ಆದೇಶ. ಅಡಿಕೆಗೆ ದರ ಬಿದ್ದರೆ ನೀವು ಮಾಲು ಕೊಡದೆ ಅಟ್ಟದಲ್ಲಿಟ್ಟು ಕಾಯುತ್ತೀರಿ. ಎದೆನೋವು ಬಂದವರು ದರ ಇಳಿಯಲಿ ಅಂತ ಕಾಯಲು ಆಗುತ್ತದಾ? ಚೌಕಾಸಿ ಮಾಡಲಾಗದ ಇಂಥ ಜಾಗದಲ್ಲಿ ಎಲ್ಲರ ಪರವಾಗಿ ಯಾರಾದರೂ ಒಬ್ಬರು ಮಾತಾಡಲೇಬೇಕು.

ಇನ್ನು ‘ಬಿಟ್ಟಿ’ಯ ವಿಷಯ. ಯಜಮಾನರಿಗೆ ಬೇಜಾರಾಗದಂತೆ ಕೇಳಿ ನೋಡಿ. ಸೊಸೈಟಿಯಲ್ಲಿ ಶೂನ್ಯ ಬಡ್ಡಿಯ ಬೆಳೆ ಸಾಲ ಇದೆಯಲ್ಲ, ಅದರ ಬಡ್ಡಿಯನ್ನು ತುಂಬುವವರು ಯಾರು? 2023ರಲ್ಲಿ ಕೇಂದ್ರ ಸರ್ಕಾರ ಹೊರದೇಶದ ಅಡಿಕೆಗೆ ಕಿಲೋಗೆ 351 ರೂಪಾಯಿ ಕನಿಷ್ಠ ಆಮದು ಬೆಲೆ ಕಟ್ಟಿದ್ದು ಯಾರಿಗೋಸ್ಕರ? ನಮ್ಮ ಮಲೆನಾಡಿನಲ್ಲಿ ಇದನ್ನು ಯಾರೂ ಬಿಟ್ಟಿ ಅನ್ನುವುದಿಲ್ಲ, ಬೆಳೆಗಾರರ ಹಕ್ಕು ಅನ್ನುತ್ತೇವೆ. ನಾನೂ ಹಾಗೇ ಅನ್ನುತ್ತೇನೆ. ಹಾಗಾದರೆ ತೋಟದಲ್ಲಿ ಅಡಿಕೆ ಕೊನೆ ಹೊರುವ ಆಳಿನ ಹೆಂಡತಿಗೆ ತಾಲೂಕು ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಡಯಾಲಿಸಿಸ್ ಆದರೆ ಅದು ಮಾತ್ರ ಬಿಟ್ಟಿ ಹೇಗಾಗುತ್ತದೆ? ಆಕೆಯೂ ಸೋಪಿನಿಂದ ಹಿಡಿದು ಚಪ್ಪಲಿವರೆಗೆ ಕೊಳ್ಳುವ ಪ್ರತಿ ಸಾಮಾನಿಗೆ ತೆರಿಗೆ ಕಟ್ಟುತ್ತಾಳೆ. ಡಯಾಲಿಸಿಸ್ ಪುಕ್ಕಟೆ ಸಿಗುತ್ತದೆ ಅಂತ ಯಾರೂ ಮೂತ್ರಪಿಂಡ ಕೆಡಿಸಿಕೊಳ್ಳುವುದಿಲ್ಲ ಅಲ್ವಾ?

ಗಂಟು ಕಟ್ಟಿ ಗೆಲ್ಲಲಾಗದ ಕಾಯಿಲೆಗಳು ಯಾವುವು ಅಂತ ನಮ್ಮ ಜಿಲ್ಲೆಯವರಿಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಒಂದು ಕಾಲದಲ್ಲಿ ಮಲೆನಾಡು ಅಂದರೆ ಮಲೇರಿಯಾ. ದೊಡ್ಡ ಚೌಕಿ ಮನೆ, ಪಣತದ ತುಂಬ ಭತ್ತ ಇದ್ದವರ ಮನೆಗೂ ಜ್ವರ ಬಂತು, ಮಕ್ಕಳು ಹೋದರು. ಅದು ಹತೋಟಿಗೆ ಬಂದದ್ದು 1953ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಿಂದ, ಸರ್ಕಾರಿ ನೌಕರರು ಮನೆ ಮನೆಗೆ ಡಿಡಿಟಿ ಹೊಡೆದ ಮೇಲೆ. ಒಬ್ಬರು ಮಾತ್ರ ತಮ್ಮ ಮನೆಗೆ ಹೊಡೆಸಿಕೊಂಡಿದ್ದರೆ ಪಕ್ಕದ ಮನೆಯ ಸೊಳ್ಳೆ ಬರುತ್ತಿತ್ತು.

ಮಂಗನ ಕಾಯಿಲೆ ಇನ್ನೂ ಒಳ್ಳೆಯ ಉದಾಹರಣೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಗೊತ್ತಾದ ರೋಗ ಇದು. ಹರಡುವುದು ಉಣುಗು, ಅಂದರೆ ರಕ್ತ ಹೀರುವ ಉಣ್ಣೆ ಹುಳ. 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಕಡೆ ಏನಾಯಿತು ಅಂತ ನಿಮಗೂ ನೆನಪಿರಬಹುದು. ದರಗು (ಒಣ ಎಲೆ) ತರಲು, ದನ ಹುಡುಕಲು ಕಾಡಿಗೆ ಹೋದವರು ಕಾಯಿಲೆ ಬಿದ್ದು ಮಲಗಿಬಿಟ್ಟರು. ಇದಕ್ಕೆ ನೇರವಾದ ಮದ್ದಿಲ್ಲ. ಹಳೆಯ ಲಸಿಕೆಯ ಪರಿಣಾಮ ಸಾಲದು ಅಂತ ಅದನ್ನು ನಿಲ್ಲಿಸಿದ್ದಾರೆ. ಹೊಸದನ್ನು ಮಾಡುವವರು ಯಾರು? ಘಟ್ಟದ ಕೆಲವು ತಾಲೂಕುಗಳಿಗೆ ಮಾತ್ರ ಬೇಕಾದ ಲಸಿಕೆಯಿಂದ ಯಾವ ಔಷಧ ಕಂಪನಿಗೂ ಲಾಭವಿಲ್ಲ. ಸಾರ್ವಜನಿಕ ಹಣ ಹಾಕಿಯೇ ಅದು ಆಗಬೇಕು. ಸತ್ತ ಮಂಗ ಕಂಡರೆ ಬಂದು ನೋಡುವವರು, ಉಣುಗು ಕಚ್ಚದಂತೆ ಮೈಗೆ ಹಚ್ಚುವ ಎಣ್ಣೆ ಹಂಚುವವರು, ರಕ್ತದ ಮಾದರಿ ಶಿವಮೊಗ್ಗಕ್ಕೆ ಕಳಿಸುವವರು, ಎಲ್ಲರೂ ಸರ್ಕಾರದ ದುಡ್ಡಿನಲ್ಲಿ ಕೆಲಸ ಮಾಡುವವರು. ಯಜಮಾನರ ಗಂಟಿನಲ್ಲಿ ಎಷ್ಟೇ ಲಕ್ಷ ಇದ್ದರೂ ಈ ಕೆಲಸ ಅವರೊಬ್ಬರಿಂದ ಆಗದು.

ಹಾಗಂತ ಮಗಳ ಮಾತನ್ನು ಪೂರ್ತಿ ಒಪ್ಪುತ್ತೇನೆ ಅಂದುಕೊಳ್ಳಬೇಡಿ. ಸರ್ಕಾರದ ಕಾರ್ಡು ಬೇರೆ, ಸರ್ಕಾರದ ಚಿಕಿತ್ಸೆ ಬೇರೆ. ಗುಡ್ಡಗಾಡಿನಲ್ಲಿ 20 ಸಾವಿರ ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕು ಎನ್ನುವುದು ನಿಯಮ. ಬಯಲುಸೀಮೆಯಲ್ಲಿ 30 ಸಾವಿರಕ್ಕೆ. ಕಟ್ಟಡವೇನೋ ಇರುತ್ತದೆ. ಡಾಕ್ಟರ್ ಇದ್ದಾರಾ, ಮಳೆಗಾಲದಲ್ಲೂ ಉಳಿಯುತ್ತಾರಾ ಎನ್ನುವುದೇ ಪ್ರಶ್ನೆ. ರಾತ್ರಿ ತೋಟದಲ್ಲಿ ನಾಗರಹಾವು ಕಚ್ಚಿದರೆ ಐದು ಲಕ್ಷದವರೆಗೆ ಚಿಕಿತ್ಸೆ ಕೊಡಿಸುವ ಆಯುಷ್ಮಾನ್ ಕಾರ್ಡು ಕೈಲಿ ಹಿಡಿದು ಹುಲಿಕಲ್ ಘಾಟಿ ಇಳಿದು ಮಣಿಪಾಲದ ದೊಡ್ಡ ಆಸ್ಪತ್ರೆಗೆ ಹೋಗುವಷ್ಟು ಪುರಸೊತ್ತು ಇರುವುದಿಲ್ಲ. ಹತ್ತಿರದ ಸರ್ಕಾರಿ ಆಸ್ಪತ್ರೆಯ ಫ್ರಿಜ್ಜಿನಲ್ಲಿ ಪ್ರತಿವಿಷದ ಬಾಟಲಿ ಇರಬೇಕು, ಅದನ್ನು ಧೈರ್ಯವಾಗಿ ಕೊಡುವ ಡಾಕ್ಟರೂ ಇರಬೇಕು. 2017ರ ರಾಷ್ಟ್ರೀಯ ಆರೋಗ್ಯ ನೀತಿ ಜಿಡಿಪಿಯ ಶೇ 2.5ರಷ್ಟನ್ನು 2025ರೊಳಗೆ ಸರ್ಕಾರಗಳು ಆರೋಗ್ಯಕ್ಕೆ ಹಾಕಬೇಕು ಅಂದಿತ್ತು. 2021–22ರಲ್ಲಿ ಹಾಕಿದ್ದು ಶೇ 1.84. ಆ ವರ್ಷ ದೇಶದ ಒಟ್ಟು ಆರೋಗ್ಯ ಖರ್ಚಿನಲ್ಲಿ ಜನ ಜೇಬಿನಿಂದ ಕೊಟ್ಟದ್ದು ಶೇ 39.4. 2013–14ರ ಶೇ 64.2ಕ್ಕಿಂತ ಎಷ್ಟೋ ವಾಸಿ. ಆದರೂ ನೂರಕ್ಕೆ ಸುಮಾರು ನಲವತ್ತು ರೂಪಾಯಿ ಅಂದರೆ ಸಣ್ಣ ಮಾತಲ್ಲ. ಮಂಡಿಯ ಮುಂಗಡ ಆ ನಲವತ್ತರಲ್ಲೇ ಬರುತ್ತದೆ.

ಯಜಮಾನರು ಗೆಲ್ಲುವ ಜಾಗವೂ ಇದೆ. ಬಿಪಿ, ಶುಗರ್ ನೋಡಿಸಿಕೊಳ್ಳುವುದು, ಕೊಟ್ಟ ಮಾತ್ರೆ ಬಿಡದೆ ನುಂಗುವುದು, ಇದನ್ನು ಯಾವ ಸರ್ಕಾರವೂ ನಮ್ಮ ಬದಲು ಮಾಡಲಾರದು. ಜತೆಗೆ ಎಲೆ ಅಡಿಕೆಯ ಕವಳ. ಹೊಗೆಸೊಪ್ಪು ಹಾಕಿದ್ದು ಕೆಟ್ಟದ್ದು ಅಂತ ಎಲ್ಲರಿಗೂ ಗೊತ್ತು. ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಅಡಿಕೆ ಬೆಳೆಗಾರರ ಮನೆಗೆ ಇದನ್ನು ಬರೆಯುವುದು ಮುಜುಗರದ ಕೆಲಸ. ಆದರೂ ಬರೆದಿದ್ದೇನೆ, ಬೈಯಬೇಡಿ.

ನಿಜ ಹೇಳಬೇಕೆಂದರೆ ಮಲೆನಾಡಿನಲ್ಲಿ ಯಾರೂ ಒಬ್ಬಂಟಿಯಾಗಿ ಸ್ವಾವಲಂಬಿಯಾಗಿರಲಿಲ್ಲ. ಒಬ್ಬರ ಗದ್ದೆಗೆ ಇನ್ನೊಬ್ಬರು ಸರದಿಯ ಮೇಲೆ ಬಂದು ದುಡಿಯುವ ಮುಯ್ಯಾಳು ಇಲ್ಲದೆ ನಟ್ಟಿ ಆಗುತ್ತಿತ್ತಾ? ಸಹಕಾರ ಸಂಘದ ಸದಸ್ಯರಿಗೆ ಚಿಕಿತ್ಸೆಯ ಖರ್ಚು ಕೊಡುವ ಯಶಸ್ವಿನಿ ಯೋಜನೆಯೂ ಅದೇ ದಾರಿಯಲ್ಲಿ ಹುಟ್ಟಿದ್ದು. 2003ರಲ್ಲಿ ಸಹಕಾರ ಸಂಘಗಳ ರೈತರು ತಿಂಗಳಿಗೆ ಐದು ರೂಪಾಯಿಯ ಲೆಕ್ಕದಲ್ಲಿ ಹಾಕಿದರು, ಸರ್ಕಾರ ತನ್ನ ಪಾಲು ಸೇರಿಸಿತು. 2018ರಲ್ಲಿ ನಿಂತು, 2022–23ರಲ್ಲಿ ಮತ್ತೆ ಶುರುವಾಗಿದೆ. ಅಪ್ಪ, ಮಗಳು ಇಬ್ಬರೂ ಮುಖ ಕೆಡಿಸಿಕೊಳ್ಳದೆ ಒಪ್ಪಬಹುದಾದ ವ್ಯವಸ್ಥೆ ಇದೊಂದೇ ಅಂತ ನನಗನ್ನಿಸುತ್ತದೆ.

ಈಗ ನಿಮ್ಮ ಮನೆಯ ಲೆಕ್ಕ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಇದೆ. ನಿಮ್ಮಂಥ ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಸರ್ಕಾರ ಕಟ್ಟಿದ ದರದ) ಶೇ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಉಳಿದ ಶೇ 70 ನಿಮ್ಮದೇ. ಆದ್ದರಿಂದ ಕಾರ್ಡೊಂದನ್ನೇ ನಂಬಿ ಕೂರಬೇಡಿ. ಹಾಗೆಂದು ಅದನ್ನು ಪೆಟ್ಟಿಗೆಯಲ್ಲಿಟ್ಟು ಮರೆಯಲೂ ಬೇಡಿ. ತುರ್ತು ಇಲ್ಲದ ಹೆಚ್ಚಿನ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಅಥವಾ ತಾಲೂಕು ಆಸ್ಪತ್ರೆಯಲ್ಲಿ ಮೊದಲೇ ಬರೆಸಿಕೊಳ್ಳಿ. ಖಾಸಗಿ ಆಸ್ಪತ್ರೆಗೆ ಹೋದರೆ ಅಡ್ವಾನ್ಸ್ ಕಟ್ಟುವ ಮುಂಚೆ ಅಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರ ಮೇಜು ಎಲ್ಲಿದೆ ಅಂತ ಕೇಳಿ. ಎಷ್ಟೋ ಜನ ಡಿಸ್ಚಾರ್ಜ್ ದಿನ ಕೇಳುತ್ತಾರೆ, ಅಷ್ಟೊತ್ತಿಗೆ ತಡವಾಗಿರುತ್ತದೆ.

ಸೊಸೈಟಿ ಸದಸ್ಯರಾಗಿದ್ದರೆ ಯಶಸ್ವಿನಿ ನೋಂದಣಿ ಯಾವಾಗ ಅಂತ ಕಾರ್ಯದರ್ಶಿಯವರನ್ನು ವಿಚಾರಿಸಿ. ವರ್ಷವಿಡೀ ತೆರೆದಿರುವುದಿಲ್ಲ.

ಕೈಯಲ್ಲಿ ಆದರೆ ಒಂದು ಕುಟುಂಬ ವಿಮೆಯನ್ನೂ ಮಾಡಿಸಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಇದ್ದ ಶೇ 18ರ ಜಿಎಸ್‌ಟಿ ಹೋಗಿದೆ. ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು, ಹಾಗಾಗಿ ಕಾಯಿಲೆ ಬಂದ ಮೇಲೆ ಓಡಿದರೆ ಪ್ರಯೋಜನ ಕಡಿಮೆ. ರೂಮ್ ಬಾಡಿಗೆಗೆ ಮಿತಿ ಇದೆಯಾ ಅಂತ ಓದಿ. ಮಿತಿ ದಾಟಿದ ರೂಮ್ ಹಿಡಿದರೆ ಬಿಲ್ಲಿನ ಬೇರೆ ಬಾಬ್ತುಗಳಿಗೂ ಕತ್ತರಿ ಬೀಳುತ್ತದೆ. ಗಂಟು ಆಗಲೂ ಬೇಕೇ ಬೇಕು. ಕಾರಿನ ಬಾಡಿಗೆ, ಜೊತೆಗೆ ಹೋದವರ ಊಟ, ಕೊಯ್ಲಿನ ಹೊತ್ತಿಗೆ ತಪ್ಪಿದ ಕೆಲಸ, ಇವನ್ನೆಲ್ಲ ಯಾವ ಕಾರ್ಡೂ ಕೊಡುವುದಿಲ್ಲ.

ವಿಮೆಯ ಅರ್ಜಿಯನ್ನು ಏಜೆಂಟರ ಕೈಗೆ ಕೊಟ್ಟು ಸುಮ್ನೆ ಸಹಿ ಹಾಕಬೇಡಿ. ಮಗಳಿಂದ ತುಂಬಿಸಿ. ಯಜಮಾನರಿಗೆ ಬಿಪಿ ಇದ್ದರೆ ಇದೆ ಅಂತಲೇ ಬರೆಯಲಿ. ಮುಚ್ಚಿಟ್ಟದ್ದು ಗೊತ್ತಾದರೆ ಕ್ಲೇಮ್ ತಿರಸ್ಕರಿಸಲು ಕಂಪನಿಗೆ ಅದೊಂದೇ ಸಾಕು.