ಓದುಗರ ಪ್ರಶ್ನೆ, ನಮ್ಮ ಉತ್ತರ: ಹೊಣೆ ಹಂಚಿದ ಮೇಲೆ ಹಣ ಎಲ್ಲಿಂದ?

ಪ್ರಶ್ನೆ: ಅಭಿವೃದ್ಧಿಶೀಲ ದೇಶಗಳ ಹಣಕಾಸು ವಿಕೇಂದ್ರೀಕರಣದ, ಅಂದರೆ ಕೇಂದ್ರದ ಹಣ ಮತ್ತು ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸುವ, ಚರ್ಚೆಯೆಲ್ಲ ಅವುಗಳಿಗೆ ಶೇಕಡಾ ಎಷ್ಟು ಪಾಲು ಕೊಡಬೇಕು ಎಂಬುದರ ಸುತ್ತಲೇ ನಡೆಯುತ್ತದೆ. ಯೋಜನೆಯನ್ನು ಅಲ್ಲಿಂದಲೇ ಆರಂಭಿಸಬೇಕೆ?

ಉತ್ತರ: ಹಾಗೆ ಆರಂಭಿಸಿದ ದೇಶಗಳು ಹಲವು, ಅಲ್ಲಿಯೇ ಎಡವಿದವೂ ಹಲವು. ಪಾಲು ಎಷ್ಟೆಂದು ಕೇಳುವ ಮೊದಲು ಯಾವ ಕೆಲಸ ಯಾರದು ಎಂಬುದು ಇತ್ಯರ್ಥವಾಗಬೇಕು. ಶಾಲೆಯ ಕಟ್ಟಡ ಯಾರ ಹೊಣೆ, ಶಿಕ್ಷಕರ ಸಂಬಳ ಯಾರ ಹೊಣೆ, ಆಸ್ಪತ್ರೆಯ ಔಷಧಿಯನ್ನು ಯಾರು ಕೊಳ್ಳಬೇಕು ಎಂಬುದನ್ನು ಒಂದೊಂದಾಗಿ ಬರೆದಿಟ್ಟು, ಪ್ರತಿಯೊಂದಕ್ಕೂ ತಗಲುವ ವೆಚ್ಚವನ್ನು ಲೆಕ್ಕ ಹಾಕಿದ ಮೇಲೆಯೇ ಪಾಲಿನ ಮಾತಿಗೆ ಅರ್ಥ ಬರುತ್ತದೆ.

ಫಿಲಿಪೀನ್ಸ್ ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿನ 1991ರ ಸ್ಥಳೀಯ ಸರ್ಕಾರ ಸಂಹಿತೆಯು ಆಂತರಿಕ ತೆರಿಗೆಯ ಶೇ. 40ರಷ್ಟನ್ನು ಸ್ಥಳೀಯ ಸರ್ಕಾರಗಳಿಗೆ ಮೀಸಲಿಟ್ಟಿತು. ಕೇಳಲು ಉದಾರವಾದ ಪಾಲು. ಆದರೆ ಅದರ ಒಳಹಂಚಿಕೆಯನ್ನು ನೋಡಿ: ಪ್ರಾಂತ್ಯಗಳಿಗೆ ಶೇ. 23, ನಗರಗಳಿಗೂ ಶೇ. 23, ಪುರಸಭೆಗಳಿಗೆ ಶೇ. 34, ತಳಮಟ್ಟದ ಬರಾಂಗೇಗಳಿಗೆ ಶೇ. 20. ಆಸ್ಪತ್ರೆಗಳ ಭಾರ ಬಿದ್ದದ್ದು ಹೆಚ್ಚಾಗಿ ಪ್ರಾಂತ್ಯಗಳ ಮೇಲೆ. ನಗರಗಳಿಗೆ ಹೊಸದಾಗಿ ವರ್ಗವಾದ ಕೆಲಸ ಕಡಿಮೆ, ತಮ್ಮದೇ ತೆರಿಗೆಯ ಮೂಲಗಳು ಹೆಚ್ಚು. ಪಾಲು ಮಾತ್ರ ಇಬ್ಬರಿಗೂ ಸಮ. ಶೇ. 40 ಎಂಬ ಅಂಕಿಯನ್ನಷ್ಟೇ ನೋಡಿದವರಿಗೆ ಈ ಕೊರತೆ ಕಾಣುವುದೇ ಇಲ್ಲ, ಆದರೆ ಪ್ರಾಂತ್ಯದ ಆಸ್ಪತ್ರೆಗೆ ಬಂದ ರೋಗಿಗೆ ಅದು ಮೊದಲ ದಿನವೇ ಕಾಣುತ್ತದೆ.

ಪ್ರಶ್ನೆ: ಅಧಿಕಾರವನ್ನು ಒಂದೇ ಬಾರಿಗೆ ವರ್ಗಾಯಿಸುವುದು ಸರಿಯೋ, ಹಂತ ಹಂತವಾಗಿಯೋ?

ಉತ್ತರ: ಪುಸ್ತಕದ ಉತ್ತರ ಹಂತ ಹಂತವಾಗಿ ಎಂಬುದೇ. ಆದರೂ ಇಂಡೋನೇಷ್ಯಾ ಆ ಉತ್ತರವನ್ನು ಒಪ್ಪಲಿಲ್ಲ. 1999ರಲ್ಲಿ ಕಾನೂನುಗಳನ್ನು ಮಾಡಿ, 2001ರ ಜನವರಿ 1ರಿಂದ ಜಾರಿಗೆ ತಂದಿತು. ಸುಮಾರು 20 ಲಕ್ಷ ಸರ್ಕಾರಿ ನೌಕರರು ಪ್ರಾದೇಶಿಕ ಸರ್ಕಾರಗಳ ನೌಕರರಾದರು. ಅನೇಕರು ಭಯಪಟ್ಟಂತೆ ಶಾಲೆ, ಆಸ್ಪತ್ರೆಗಳು ಮುಚ್ಚಲಿಲ್ಲ. ಬಹುಪಾಲು ನೌಕರರು ತಾವು ಮೊದಲಿದ್ದ ಕಚೇರಿಯಲ್ಲಿಯೇ ಉಳಿದರು, ಬದಲಾದದ್ದು ಅವರ ಸಂಬಳದ ಒಡೆಯರಷ್ಟೇ. ಜೊತೆಗೆ ದೇಶೀಯ ವರಮಾನದ ಕನಿಷ್ಠ ಶೇ. 25ರಷ್ಟು ಪ್ರಾದೇಶಿಕ ಸರ್ಕಾರಗಳಿಗೆ ಸಾಮಾನ್ಯ ಅನುದಾನವೆಂದು ಕಾನೂನಿನಲ್ಲಿಯೇ ಖಚಿತವಾಗಿತ್ತು. ಆದರೆ ಆ ಅನುದಾನ ನೌಕರರ ಸಂಬಳದ ಮೊತ್ತವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದುದರಿಂದ ಸಿಬ್ಬಂದಿಯನ್ನು ಹಿತಮಿತಗೊಳಿಸುವ ಅಗತ್ಯ ಯಾರಿಗೂ ಬೀಳಲಿಲ್ಲ, ಹೊಸ ಜಿಲ್ಲೆಗೆ ಹೊಸ ಅನುದಾನ ಸಿಗುತ್ತದೆಂಬ ಆಸೆಯೂ ಸೇರಿ ಜಿಲ್ಲೆಗಳು ಒಡೆಯುತ್ತಾ ಹೋದವು. ಸುಮಾರು 300 ಇದ್ದವು ಒಂದು ದಶಕದಲ್ಲಿ 500ರ ಸಮೀಪಕ್ಕೆ ಬಂದವು.

ಕೀನ್ಯಾದ ದಾರಿ ಬೇರೆ. 2010ರ ಸಂವಿಧಾನವು 47 ಕೌಂಟಿಗಳಿಗೆ (ಚುನಾಯಿತ ಸ್ಥಳೀಯ ಸರ್ಕಾರಗಳಿಗೆ) ಕೆಲಸಗಳನ್ನು ವರ್ಗಾಯಿಸಲು ಮೂರು ವರ್ಷಗಳ ಅವಕಾಶ ಕೊಟ್ಟಿತ್ತು. 2013ರ ಚುನಾವಣೆ ಮುಗಿದು ಗವರ್ನರುಗಳು ಅಧಿಕಾರಕ್ಕೆ ಬಂದ ಮೇಲೆ ರಾಜಕೀಯ ಒತ್ತಡ ಹೆಚ್ಚಿ, ಹೆಚ್ಚಿನ ಕೆಲಸಗಳು ಕೆಲವೇ ತಿಂಗಳುಗಳಲ್ಲಿ ವರ್ಗವಾದವು. ವೇತನ ಪಟ್ಟಿಗಳು ಸಿದ್ಧವಿರಲಿಲ್ಲ. ಆರೋಗ್ಯ ಸಿಬ್ಬಂದಿಯ ಸಂಬಳ ತಡವಾಗಿ ಮುಷ್ಕರಗಳಾದವು. ಹಾಗಾಗಿ ವೇಗಕ್ಕಿಂತ ಮುಖ್ಯವಾದ ಪ್ರಶ್ನೆಯೊಂದಿದೆ ಎಂದು ನನಗೆ ಅನಿಸುತ್ತದೆ: ವರ್ಗಾವಣೆಯ ಮರುದಿನದ ಸಂಬಳದ ಬಿಲ್ಲಿಗೆ ಸಹಿ ಹಾಕುವವರು ಯಾರು, ಅದಕ್ಕೆ ಹಣ ಯಾವ ಖಾತೆಯಿಂದ? ಇದಕ್ಕೆ ಉತ್ತರವಿದ್ದರೆ ಒಂದೇ ಬಾರಿಗೂ ಆಗಬಹುದು, ಇಲ್ಲದಿದ್ದರೆ ಹತ್ತು ಹಂತಗಳೂ ಸಾಲವು.

ಪ್ರಶ್ನೆ: ಹಂಚಿಕೆಯ ಸೂತ್ರದ ಪ್ರಕಾರ ಅನುದಾನ ಮಂಜೂರಾದರೂ ಅದರ ಫಲ ಜನರಿಗೆ ಏಕೆ ಕಾಣುವುದಿಲ್ಲ?

ಉತ್ತರ: ಮಂಜೂರಾತಿಗೂ ಹಣ ಕೈಸೇರುವುದಕ್ಕೂ ಅಂತರವಿದೆ. ಒಂದು ಸಣ್ಣ ಸ್ಥಳೀಯ ಸಂಸ್ಥೆಯ ಲೆಕ್ಕಿಗರ ಮೇಜನ್ನು ಕಣ್ಣಮುಂದೆ ತಂದುಕೊಳ್ಳಿ. ನಗದು ಪುಸ್ತಕದಲ್ಲಿ ನಾಲ್ಕು ಕಂತುಗಳಿಗೆ ನಾಲ್ಕು ಅಂಕಣ ಎಳೆದಿದ್ದಾರೆ. ಮೊದಲ ಮೂರೂ ಖಾಲಿ. ವರ್ಷ ಮುಗಿಯಲು ಎರಡು ವಾರವಿರುವಾಗ ಎಲ್ಲ ಕಂತುಗಳೂ ಒಟ್ಟಿಗೆ ಬರುತ್ತವೆ, ಖರ್ಚಾಗದೆ ಉಳಿದದ್ದನ್ನು ಬೊಕ್ಕಸಕ್ಕೆ ಹಿಂದಿರುಗಿಸಬೇಕೆಂಬ ಸುತ್ತೋಲೆಯೂ ಬರುತ್ತದೆ. ಟೆಂಡರ್ ಕರೆಯಲು ಸಮಯವಿಲ್ಲ. ಒಡೆದ ನೀರಿನ ಕೊಳವೆ ಹಾಗೆಯೇ ಉಳಿದು, ಬೇಗ ಬಿಲ್ ಆಗುವ ಸಾಮಗ್ರಿಯ ಖರೀದಿಗೆ ಹಣ ಹೋಗುತ್ತದೆ. ಇಲ್ಲಿ ಯಾರೂ ಕದ್ದಿಲ್ಲ, ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆಯೂ ಬರಲಾರದು. ಆದರೂ ಜನರ ಪಾಲಿಗೆ ಆ ಹಣ ವ್ಯರ್ಥವೇ.

ಸೋರಿಕೆಯ ಕಥೆ ಬೇರೆ. ಉಗಾಂಡಾದಲ್ಲಿ 1991ರಿಂದ 1995ರ ಅವಧಿಗೆ ನಡೆಸಿದ ಸಮೀಕ್ಷೆಯಲ್ಲಿ, ಪ್ರಾಥಮಿಕ ಶಾಲೆಗಳ ಸಂಬಳೇತರ ವೆಚ್ಚಕ್ಕೆಂದು ಕೇಂದ್ರ ಕಳಿಸಿದ ಹಣದಲ್ಲಿ ಸರಾಸರಿ ಶೇ. 13 ಮಾತ್ರ ಶಾಲೆಗಳನ್ನು ಮುಟ್ಟಿತ್ತು. ಆ ಮೇಲೆ ಸರ್ಕಾರ ಪ್ರತಿ ಜಿಲ್ಲೆಗೆ ಕಳಿಸಿದ ಮೊತ್ತವನ್ನು ಪತ್ರಿಕೆಗಳಲ್ಲಿ ಪ್ರಕಟಿಸಲು ಆರಂಭಿಸಿತು, ಬಂದ ಹಣದ ವಿವರವನ್ನು ಶಾಲೆಯಲ್ಲಿಯೇ ಅಂಟಿಸಬೇಕೆಂದಿತು. 2001ರ ಹೊತ್ತಿಗೆ ಶೇ. 80ಕ್ಕೂ ಹೆಚ್ಚು ಹಣ ಶಾಲೆ ತಲುಪುತ್ತಿತ್ತು. ಇತರ ಸುಧಾರಣೆಗಳೂ ಅದೇ ಕಾಲದಲ್ಲಿ ನಡೆದಿದ್ದರಿಂದ ಶ್ರೇಯಸ್ಸನ್ನೆಲ್ಲ ಪತ್ರಿಕೆಗೆ ಕೊಡಲಾಗದು. ಆದರೆ ಎಷ್ಟು ಬರಬೇಕಿತ್ತು ಎಂದು ತಿಳಿದ ಪೋಷಕರು ಎಷ್ಟು ಬಂತು ಎಂದು ಕೇಳಬಲ್ಲರು.

ಪ್ರಶ್ನೆ: ಸ್ಥಳೀಯ ಸರ್ಕಾರಗಳು ಸಾಲ ಮಾಡಬಹುದೆ?

ಉತ್ತರ: ಮಾಡಬಹುದು, ಆದರೆ ತೀರಿಸಲಾಗದಿದ್ದರೆ ಕೇಂದ್ರ ಬಂದು ತೀರಿಸುತ್ತದೆಂಬ ನಂಬಿಕೆ ಇರಬಾರದು. ಬ್ರೆಜಿಲ್‌ನ ಕೇಂದ್ರ ಸರ್ಕಾರ 1989, 1993 ಮತ್ತು 1997ರಲ್ಲಿ ಮತ್ತೆ ಮತ್ತೆ ರಾಜ್ಯಗಳ ಸಾಲದ ನೆರವಿಗೆ ಬರಬೇಕಾಯಿತು. 2000ದ ಹಣಕಾಸು ಹೊಣೆಗಾರಿಕೆ ಕಾನೂನು ರಾಜ್ಯಗಳ ಸಾಲವನ್ನು ಕೇಂದ್ರ ಹೀಗೆ ಮರುಹೊಂದಿಸಿಕೊಡುವುದನ್ನೇ ನಿಷೇಧಿಸಿತು.

ಪ್ರಶ್ನೆ: ಬಡ ದೇಶದ ಸ್ಥಳೀಯ ಸಂಸ್ಥೆ ತನ್ನದೇ ತೆರಿಗೆ ಎತ್ತಬೇಕೆಂದು ನಿರೀಕ್ಷಿಸುವುದು ನ್ಯಾಯವೆ?

ಉತ್ತರ: ಪೂರ್ತಿ ವೆಚ್ಚವನ್ನು ಎತ್ತಬೇಕೆಂದರೆ ಅನ್ಯಾಯ, ಏನನ್ನೂ ಎತ್ತಬಾರದೆಂದರೆ ಅದಕ್ಕಿಂತ ದೊಡ್ಡ ಅನ್ಯಾಯ. ಉಗಾಂಡಾದಲ್ಲಿ ತಲೆಗಂದಾಯದಂತಿದ್ದ ಶ್ರೇಣೀಕೃತ ತೆರಿಗೆಯನ್ನು 2005ರಲ್ಲಿ ಕೈಬಿಟ್ಟರು. ವಸೂಲಿಯ ಕ್ರಮ ಕಠೋರವಾಗಿತ್ತು, ಬಡವರಿಗೆ ಹೊರೆಯಾಗಿತ್ತು, ನಿಜ. ಆದರೆ ಸಮನಾದ ಬದಲಿ ಮೂಲವನ್ನು ಕೊಡದ ಕಾರಣ ಜಿಲ್ಲೆಗಳು ಬಹುಮಟ್ಟಿಗೆ ಕೇಂದ್ರದ ನಿರ್ಬಂಧಿತ (ಹೇಳಿದ ಕೆಲಸಕ್ಕಷ್ಟೇ ಬಳಸಬಹುದಾದ) ಅನುದಾನಕ್ಕೇ ಕೈಯೊಡ್ಡಬೇಕಾಯಿತು. ಸ್ವಂತ ವರಮಾನವಿಲ್ಲದವರಿಗೆ ಸ್ವಂತ ನಿರ್ಧಾರವೂ ಇರುವುದಿಲ್ಲ.

ಸ್ಥಳೀಯ ಸಂಸ್ಥೆಗೆ ಹೊಂದುವ ತೆರಿಗೆಗಳಲ್ಲಿ ಆಸ್ತಿ ತೆರಿಗೆ ಮೊದಲನೆಯದು, ಏಕೆಂದರೆ ಮನೆ ಬೇರೆ ಊರಿಗೆ ಓಡಿಹೋಗುವುದಿಲ್ಲ. ತೊಂದರೆ ಇರುವುದು ದರದಲ್ಲಿ ಅಲ್ಲ, ದಾಖಲೆಯಲ್ಲಿ. ಹಂಚಿನ ಮನೆಯಿದ್ದ ಜಾಗದಲ್ಲಿ ಮೂರು ಮಹಡಿಯ ಕಟ್ಟಡ ಎದ್ದು ವರ್ಷಗಳಾದರೂ ಪುಸ್ತಕದಲ್ಲಿ ಇನ್ನೂ ಹಂಚಿನ ಮನೆಯೇ ಇರುತ್ತದೆ. ಸಿಯೆರಾ ಲಿಯೋನ್‌ನ ರಾಜಧಾನಿ ಫ್ರೀಟೌನ್ 2020ರ ಸುಮಾರಿಗೆ ಉಪಗ್ರಹ ಚಿತ್ರಗಳಿಂದ ಕಟ್ಟಡಗಳನ್ನು ಗುರುತಿಸಿ, ಛಾವಣಿ, ಗೋಡೆ, ರಸ್ತೆಯಂತಹ ಹೊರಗಿನಿಂದಲೇ ಕಾಣುವ ಲಕ್ಷಣಗಳಿಗೆ ಅಂಕ ಕೊಟ್ಟು ತೆರಿಗೆ ನಿಗದಿಪಡಿಸಿತು. ಪಟ್ಟಿಯಲ್ಲಿದ್ದ ಕಟ್ಟಡಗಳ ಸಂಖ್ಯೆ ಸುಮಾರು ಇಮ್ಮಡಿಯಾಯಿತು. ನಿಪುಣ ಮೌಲ್ಯಮಾಪಕರ ಕೊರತೆಯಿರುವ ಊರುಗಳಿಗೆ ಇದು ಕೈಗೆಟಕುವ ದಾರಿ: ಅಂಕಗಳ ಪಟ್ಟಿ ಸರಳವಾಗಿದ್ದರೆ ಮನೆಯೊಡೆಯರು ತಮ್ಮ ತೆರಿಗೆಯನ್ನು ತಾವೇ ಕೂಡಿ ನೋಡಬಹುದು, ತಪ್ಪಿದ್ದರೆ ಕಾಗದ ಹಿಡಿದುಕೊಂಡು ಕಚೇರಿಗೆ ಹೋಗಿ ತಿದ್ದಿಸಿಕೊಳ್ಳಬಹುದು.