ಯೆಹೆಜ್ಕೇಲನನ್ನು 38ನೆಯ ಅಧ್ಯಾಯಕ್ಕೇ ನಿಲ್ಲಿಸಬೇಡಿ

ಓದುಗರ ಪ್ರಶ್ನೆ: ಸಭಾ ಇತಿಹಾಸದ ಅಧ್ಯಾಪಕರ ಉತ್ತರ

2023ರ ಅಕ್ಟೋಬರ್ ನಂತರ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಇಸ್ರೇಲಿನ ವಿಷಯವೇ ಹೆಚ್ಚು. ಬಹುಪಾಲು ಪತ್ರಗಳಲ್ಲಿ ಪ್ರಶ್ನೆಯೇ ಇರುವುದಿಲ್ಲ. ಯಾವುದೋ ಪ್ರವಾದನಾ ವಿಡಿಯೊದ ಮಾತಿಗೆ ನಾನು ಹೌದೆನ್ನಬೇಕು ಎಂಬ ಒತ್ತಾಯ ಇರುತ್ತದೆ. ಒಂದೇ ಮಾತನ್ನು ಹತ್ತು ಜನರಿಗೆ ಹತ್ತು ಸಲ ಬರೆದು ಸಾಕಾಗಿದೆ. ಮುಖ್ಯವಾದ ಪ್ರಶ್ನೆಯೊಂದಕ್ಕೆ ಇಲ್ಲಿ ಪೂರ್ತಿ ಉತ್ತರಿಸುತ್ತೇನೆ, ಉಳಿದವಕ್ಕೆ ಬೇಕಾದಷ್ಟೇ. ಆ ನಾಡಿನ ಯುದ್ಧಗಳ ಚರಿತ್ರೆಯನ್ನು ಮೊದಲಿನಿಂದ ಹೇಳುತ್ತಾ ಕೂರುವುದಿಲ್ಲ.

ಪ್ರಶ್ನೆ: ‘ನಿನ್ನನ್ನು ಆಶೀರ್ವದಿಸುವವರನ್ನು ಆಶೀರ್ವದಿಸುವೆನು, ಶಪಿಸುವವರನ್ನು ಶಪಿಸುವೆನು’ ಎಂದು ದೇವರು ಅಬ್ರಹಾಮನಿಗೆ ಹೇಳಿದ್ದು ಬೈಬಲ್ಲಿನ ಆದಿಕಾಂಡ 12:3ರಲ್ಲಿದೆ. ಹಾಗಿರುವಾಗ ಕೆಲವು ಸಭೆಗಳು ಪ್ಯಾಲೆಸ್ಟೀನಿಯರ ಪರ ಮಾತಾಡುವುದು ಸತ್ಯವೇದಕ್ಕೆ ವಿರುದ್ಧವಲ್ಲವೇ? ಕ್ರೈಸ್ತರೇ ಈ ವಿಷಯದಲ್ಲಿ ಯಾಕೆ ಜಗಳವಾಡುತ್ತಾರೆ?

ಉತ್ತರ: ಸತ್ಯವೇದವನ್ನು ನಂಬುವವರು ಒಂದು ಕಡೆ, ನಂಬದವರು ಇನ್ನೊಂದು ಕಡೆ ಎಂದು ನಿಮಗೆ ಯಾರೋ ಹೇಳಿಕೊಟ್ಟಿದ್ದಾರೆ. ಅದು ಸುಳ್ಳು. ಅದೇ ಗ್ರಂಥವನ್ನು ಮೊಣಕಾಲೂರಿ ಓದಿದವರೇ ಎರಡೂ ಕಡೆ ಇದ್ದಾರೆ.

ಆ ಒಂದು ವಚನದಿಂದ ಇಂದಿನ ಇಸ್ರೇಲ್ ಸರ್ಕಾರಕ್ಕೆ ನೇರ ಗೆರೆ ಎಳೆಯುವ ಓದು ಅಪೊಸ್ತಲರ ಕಾಲದ್ದಲ್ಲ. ಯೆಹೂದ್ಯರು ತಮ್ಮ ನಾಡಿಗೆ ಮರಳುತ್ತಾರೆಂಬ ನಿರೀಕ್ಷೆ 17ನೆಯ ಶತಮಾನದ ಇಂಗ್ಲೆಂಡಿನ ಕೆಲವು ಪ್ಯೂರಿಟನ್ನರಲ್ಲಿ, ಅಂದರೆ ಕಟ್ಟುನಿಟ್ಟಿನ ಪ್ರೊಟೆಸ್ಟಂಟರಲ್ಲಿ ಇತ್ತು, ನಿಜ. ಅದನ್ನು ಅಂತ್ಯಕಾಲದ ನಕ್ಷೆಯಾಗಿ ಬೆಳೆಸಿದವರು 19ನೆಯ ಶತಮಾನದ ಬೋಧಕ ಜಾನ್ ನೆಲ್ಸನ್ ಡಾರ್ಬಿ. 1909ರಲ್ಲಿ ಅಮೆರಿಕದ ಬೋಧಕ ಸ್ಕೋಫೀಲ್ಡ್ ಆ ವಿವರಣೆಯನ್ನು ಬೈಬಲ್ಲಿನ ಪುಟದಲ್ಲೇ, ವಚನಗಳ ಕೆಳಗೆ, ಟಿಪ್ಪಣಿಯಾಗಿ ಅಚ್ಚು ಹಾಕಿಸಿದರು. ದೇವರ ವಾಕ್ಯ ಎಲ್ಲಿ ಮುಗಿಯಿತು, ಸ್ಕೋಫೀಲ್ಡರ ಮಾತು ಎಲ್ಲಿ ಶುರುವಾಯಿತು ಎಂಬುದು ಎಷ್ಟೋ ಓದುಗರಿಗೆ ಮರೆತೇಹೋಯಿತು. ನಮ್ಮ ಸುವಾರ್ತಾ ಕೂಟಗಳಲ್ಲಿ ಬಟ್ಟೆಯ ಮೇಲೆ ಬರೆದು ತೂಗುಹಾಕುವ ಕಾಲಾನುಕ್ರಮದ ಪಟ ಬಂದದ್ದು ಈ ದಾರಿಯಿಂದ. 2006ರಲ್ಲಿ ಅಮೆರಿಕದ ಪಾಸ್ಟರ್ ಜಾನ್ ಹೇಗಿ ಇಸ್ರೇಲ್ ಬೆಂಬಲಕ್ಕೆಂದೇ ದೊಡ್ಡ ಸಂಘಟನೆ ಕಟ್ಟಿದರು. ಅದೇ ವರ್ಷ ಜೆರುಸಲೇಮಿನ ಲ್ಯಾಟಿನ್ ಪೇಟ್ರಿಯಾರ್ಕ್, ಅಂದರೆ ಅಲ್ಲಿನ ರೋಮನ್ ಕಥೋಲಿಕರ ಮುಖ್ಯ ಧರ್ಮಗುರು, ಮಿಶೆಲ್ ಸಬ್ಬಾಹ್ ಅವರು ಅಲ್ಲಿನ ಸಿರಿಯನ್ ಆರ್ಥೊಡಾಕ್ಸ್, ಆಂಗ್ಲಿಕನ್ ಮತ್ತು ಲುಥೆರನ್ ಬಿಷಪ್ಪರೊಡನೆ ಸೇರಿ, ಇಸ್ರೇಲ್ ರಾಷ್ಟ್ರವನ್ನು ಬೆಂಬಲಿಸುವುದು ಸತ್ಯವೇದದ ಅಪ್ಪಣೆ ಎನ್ನುವ ‘ಕ್ರೈಸ್ತ ಝಿಯೋನಿಸಂ’ ತಪ್ಪು ಬೋಧನೆ ಎಂದು ಲಿಖಿತವಾಗಿ ತಿರಸ್ಕರಿಸಿದರು. ಯೇಸು ಶಿಲುಬೆಗೇರಿದ ಊರಿನ ಸಭೆಗಳು ಹೀಗೆ ಹೇಳಿವೆ ಎಂಬ ಸಂಗತಿಯನ್ನು ನಿಮ್ಮ ವಿಡಿಯೊ ಬೋಧಕರು ಒಮ್ಮೆಯಾದರೂ ತಿಳಿಸಿದ್ದಾರೆಯೇ?

ಆದರೆ ಇಸ್ರೇಲ್ ಪರ ನಿಲ್ಲುವ ಕ್ರೈಸ್ತರೆಲ್ಲ ನಕ್ಷೆ ನಂಬಿದವರು ಎನ್ನುವುದೂ ಅನ್ಯಾಯ. ಯೆಹೂದ್ಯರನ್ನು ಶತಮಾನಗಳ ಕಾಲ ಬೈದು, ಅಟ್ಟಿ, ಕೊಂದ ಯೂರೋಪು ತನ್ನನ್ನು ಕ್ರೈಸ್ತ ನಾಡೆಂದೇ ಕರೆದುಕೊಳ್ಳುತ್ತಿತ್ತು. ಅರುವತ್ತು ಲಕ್ಷ ಯೆಹೂದ್ಯರ ಕೊಲೆಯಾದ ಮೇಲೆ ಅಲ್ಲಿನ ಸಭೆಗಳು ತಮ್ಮ ಬೋಧನೆಯನ್ನೇ ಪರೀಕ್ಷಿಸಿಕೊಳ್ಳಬೇಕಾಯಿತು. ದೇವರು ಯೆಹೂದ್ಯರನ್ನು ಕೈಬಿಟ್ಟು ಸಭೆಯನ್ನು ಹಿಡಿದನು ಎಂಬ ಹಳೆಯ ಬೋಧನೆಯನ್ನು ಅವು ಬಿಟ್ಟವು. ದೇವರ ಕರೆ ರದ್ದಾಗುವಂಥದ್ದಲ್ಲ ಎಂದು ಪೌಲನೇ ರೋಮಾಪುರದವರಿಗೆ 11ನೆಯ ಅಧ್ಯಾಯದಲ್ಲಿ ಬರೆದಿದ್ದಾನೆ. 1980ರಲ್ಲಿ ಜರ್ಮನಿಯ ರೈನ್‌ಲ್ಯಾಂಡಿನ ಪ್ರೊಟೆಸ್ಟಂಟ್ ಸಭೆಯ ಸಿನೊಡ್ (ಆಡಳಿತ ಮಹಾಸಭೆ) ಆ ಹತ್ಯಾಕಾಂಡದಲ್ಲಿ ಕ್ರೈಸ್ತರ ಹೊಣೆಯನ್ನು ಒಪ್ಪಿಕೊಂಡಿತು, ಇಸ್ರೇಲ್ ರಾಷ್ಟ್ರ ಹುಟ್ಟಿದ್ದನ್ನೂ ದೇವರ ನಂಬಿಗಸ್ತಿಕೆಯ ಗುರುತೆಂದಿತು. ಇದನ್ನು ರಾಜಕೀಯವೆಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ಪಶ್ಚಾತ್ತಾಪದಿಂದ ಬಂದ ಮಾತು ಅದು.

ತೊಡಕು ಇರುವುದು ಮುಂದೆ. ಯೂರೋಪು ಮಾಡಿದ ಪಾಪಕ್ಕೆ ಪ್ರಾಯಶ್ಚಿತ್ತ ನಡೆದದ್ದು ಇನ್ನೊಬ್ಬರ ಹೊಲದಲ್ಲಿ. ಗಲಿಲಾಯದ ಉತ್ತರದಲ್ಲಿ, ಲೆಬನಾನ್ ಗಡಿಯ ಹತ್ತಿರ, ಇಕ್ರಿತ್ ಎಂಬ ಹಳ್ಳಿಯಿತ್ತು. ಅಲ್ಲಿದ್ದವರು ಪೂರ್ವದೇಶದ ಸಂಪ್ರದಾಯದ ಮೆಲ್ಕೈಟ್ ಕಥೋಲಿಕರು. 1948ರ ಕೊನೆಯಲ್ಲಿ ಇಸ್ರೇಲಿ ಸೇನೆ ಬಂದಾಗ ಅವರು ಕಾದಾಡಲಿಲ್ಲ. ಎರಡು ವಾರದ ಮಟ್ಟಿಗೆ ಊರು ಬಿಡಿ ಎಂದು ಸೈನಿಕರು ಹೇಳಿದರು, ಊರವರು ನಂಬಿ ಬಿಟ್ಟರು. ವಾಪಸು ಬರಗೊಡಲಿಲ್ಲ. ಊರವರು ಇಸ್ರೇಲಿನದೇ ಸುಪ್ರೀಂ ಕೋರ್ಟಿಗೆ ಹೋದರು. 1951ರ ಜುಲೈಯಲ್ಲಿ ತೀರ್ಪು ಅವರ ಪರವಾಗಿಯೇ ಬಂತು. ಅದೇ ವರ್ಷ ಕ್ರಿಸ್ಮಸ್ ಹೊತ್ತಿಗೆ ಸೇನೆ ಮನೆಗಳನ್ನೆಲ್ಲ ಸಿಡಿಸಿ ಕೆಡವಿತು. ಉಳಿದದ್ದು ಚರ್ಚ್ ಒಂದು. ಹತ್ತಿರದ ಬಿರಿಮ್ ಎಂಬ ಮರೋನೈಟ್ (ಇನ್ನೊಂದು ಪೂರ್ವದ ಕಥೋಲಿಕ ಪಂಗಡ) ಹಳ್ಳಿಗೂ 1953ರಲ್ಲಿ ಇದೇ ಗತಿ. ಇವರು ಇಸ್ರೇಲಿನ ಪ್ರಜೆಗಳು, ಕ್ರಿಸ್ತನ ನಾಮ ಹೊತ್ತವರು. ಇಕ್ರಿತಿನವರು ಆ ಚರ್ಚಿಗೆ ಬಂದು ಪೂಜೆ ಮಾಡಿಸುತ್ತಾರೆ, ಸತ್ತವರನ್ನು ಅಲ್ಲೇ ಮಣ್ಣು ಮಾಡುತ್ತಾರೆ. ಬದುಕಿರುವವರಿಗೆ ಮಾತ್ರ ಆ ಊರಲ್ಲಿ ಮನೆಯಿಲ್ಲ.

ಈಗ ನಿಮ್ಮ ವಚನಕ್ಕೆ ಬನ್ನಿ. ಇಕ್ರಿತಿನವರಿಗೆ ಅವರ ಮನೆ ಕೊಡಿ ಎಂದರೆ ಇಸ್ರೇಲನ್ನು ಶಪಿಸಿದಂತಾಗುತ್ತದೆಯೇ? ಇಸ್ರೇಲಿನ ಅರಸ ಅಹಾಬನು ನಾಬೋತನ ದ್ರಾಕ್ಷೆತೋಟವನ್ನು ಕಬಳಿಸಿದಾಗ ಎಲೀಯನು ಆದಿಕಾಂಡವನ್ನು ನೆನೆದು ಸುಮ್ಮನಿರಲಿಲ್ಲ. ಆ ತೋಟಕ್ಕೇ ಹೋಗಿ, ಕೊಂದದ್ದಲ್ಲದೆ ಸ್ವಾಧೀನವನ್ನೂ ಮಾಡಿಕೊಂಡೆಯಾ ಎಂದು ಅರಸನ ಮುಖಕ್ಕೇ ಕೇಳಿದನು. ಆಮೋಸ, ಮೀಕ, ಯೆರೆಮೀಯ ಯಾರೂ ಸುಮ್ಮನಿರಲಿಲ್ಲ. ಅಧಿಕಾರಕ್ಕೆ ನ್ಯಾಯ ಹೇಳುವುದು ಶಾಪವಾದರೆ ಪ್ರವಾದಿಗಳ ಗ್ರಂಥಗಳನ್ನೆಲ್ಲ ಹರಿದುಹಾಕಬೇಕಾಗುತ್ತದೆ. ಇಷ್ಟಕ್ಕೂ 12:3ರ ಕೊನೆಯಲ್ಲಿ ಭೂಲೋಕದ ಎಲ್ಲ ಕುಲಗಳಿಗೂ ಆಶೀರ್ವಾದ ಎಂದಿದೆ. ವಿಡಿಯೊಗಳಲ್ಲಿ ಆ ಸಾಲು ಬರುವ ಮೊದಲೇ ಸಂಗೀತ ಶುರುವಾಗಿಬಿಡುತ್ತದೆ.

ಯೆಹೆಜ್ಕೇಲನಿಗೂ ಇದೇ ಅನ್ಯಾಯ. ಯುದ್ಧ ಬೇಕಾದವರು ಗೋಗನ ದಂಡು ಇಸ್ರೇಲಿನ ಮೇಲೆ ಬರುವ 38, 39ನೆಯ ಅಧ್ಯಾಯ ಓದಿ ಪುಸ್ತಕ ಮುಚ್ಚುತ್ತಾರೆ. 47ನೆಯ ಅಧ್ಯಾಯಕ್ಕೆ ಹೋಗಿ. ಮರಳಿ ಬಂದವರು ನಾಡನ್ನು ಹಂಚಿಕೊಳ್ಳುವಾಗ ತಮ್ಮ ನಡುವೆ ವಾಸಿಸುವ ಪರದೇಶಿಗಳನ್ನೂ ಸ್ವದೇಶದವರಂತೆ ಎಣಿಸಿ ಅವರಿಗೂ ಸ್ವಾಸ್ತ್ಯ ಕೊಡಬೇಕು ಎಂಬುದು ಅಲ್ಲಿರುವ ಅಪ್ಪಣೆ. ಪರದೇಶಿಗೇ ಪಾಲು ಉಂಟೆಂದ ಮೇಲೆ, ತಲೆತಲಾಂತರದಿಂದ ಅಲ್ಲೇ ಆಲಿವ್ ಕೊಯ್ದವರಿಗೆ ಇಲ್ಲವೆನ್ನಲು ನಾವು ಯಾರು?

ನಾನು ವಿದ್ಯಾರ್ಥಿಗಳಿಂದ ಎರಡು ಹೇಳಿಕೆಗಳನ್ನು ಒಟ್ಟಿಗೆ ಓದಿಸುತ್ತೇನೆ. 1948ರಲ್ಲಿ ಆಮ್‌ಸ್ಟರ್ಡ್ಯಾಮಿನಲ್ಲಿ ಹುಟ್ಟಿದ ಜಾಗತಿಕ ಸಭೆಗಳ ಒಕ್ಕೂಟ, ಯೆಹೂದ್ಯರ ಮೇಲಿನ ದ್ವೇಷವು ದೇವರಿಗೂ ಮನುಷ್ಯರಿಗೂ ವಿರುದ್ಧವಾದ ಪಾಪ ಎಂದು ಸಾರಿತು. 2009ರ ಡಿಸೆಂಬರಿನಲ್ಲಿ ಪ್ಯಾಲೆಸ್ಟೀನಿ ಕ್ರೈಸ್ತರು ಬೇತ್ಲೆಹೇಮಿನಲ್ಲಿ ‘ಕೈರೋಸ್’ ಪತ್ರ ಹೊರಡಿಸಿ, ತಮ್ಮ ನೆಲವನ್ನು ಇಸ್ರೇಲಿನ ಸೇನೆ ಆಕ್ರಮಿಸಿಕೊಂಡಿರುವುದು ದೇವರಿಗೂ ಮನುಷ್ಯರಿಗೂ ವಿರುದ್ಧವಾದ ಪಾಪ ಎಂದು ಸಾರಿದರು. ಲೋಕದ ಸಭೆಗಳಲ್ಲಿ ಹಲವು ಇವೆರಡರಲ್ಲಿ ಒಂದನ್ನು ಗಟ್ಟಿಯಾಗಿ ಹೇಳಿ ಇನ್ನೊಂದನ್ನು ನುಂಗಿಕೊಳ್ಳುತ್ತವೆ. ಜಗಳದ ಬೇರು ಇಲ್ಲಿದೆ. ಒಂದೇ ಉಸಿರಿನಲ್ಲಿ ಎರಡನ್ನೂ ಹೇಳಲಾಗದವರು ಈ ವಿಷಯದಲ್ಲಿ ವೇದಿಕೆ ಹತ್ತಬಾರದು ಎಂಬುದು ನನ್ನ ಹಟ. 2023ರ ಅಕ್ಟೋಬರ್ 7ರಂದು ಹಮಾಸ್ ಸುಮಾರು 1,200 ಜನರನ್ನು ಕೊಂದದ್ದು ಘೋರ ಪಾತಕ. ಅದಾಗಿ ಎರಡು ವಾರವೂ ಕಳೆಯುವ ಮೊದಲು, 19ರಂದು, ಗಾಜಾದ ಸಂತ ಪೋರ್ಫಿರಿಯಸ್ ಚರ್ಚಿನ ಆವರಣದಲ್ಲಿ ಆಶ್ರಯ ಪಡೆದಿದ್ದ 15ಕ್ಕೂ ಹೆಚ್ಚು ಮಂದಿ ಇಸ್ರೇಲಿನ ಬಾಂಬಿಗೆ ಸತ್ತರು. ಮೊದಲನೆಯದಕ್ಕೆ ಅತ್ತು ಎರಡನೆಯದಕ್ಕೆ ವಚನ ಹುಡುಕುವವರನ್ನೂ, ಎರಡನೆಯದಕ್ಕೆ ಅತ್ತು ಮೊದಲನೆಯದಕ್ಕೆ ಕಾರಣ ಹುಡುಕುವವರನ್ನೂ ನಾನು ಬೋಧಕರೆಂದು ಕರೆಯುವುದಿಲ್ಲ.

ಪ್ರಶ್ನೆ: ಜೆರುಸಲೇಮಿನ ದೇವಾಲಯವನ್ನು ಮತ್ತೆ ಕಟ್ಟಲು ಬೇಕಾದ ಶುದ್ಧೀಕರಣಕ್ಕೆಂದು ಕೆಂದಾಕಳುಗಳು ಇಸ್ರೇಲಿಗೆ ಬಂದಿವೆಯಂತೆ. ಮೂರನೆಯ ದೇವಾಲಯ ಯಾವಾಗ?

ಉತ್ತರ: 1948ಕ್ಕೆ 40 ವರ್ಷ ಕೂಡಿಸಿ 1988ರಲ್ಲಿ ಎಲ್ಲ ಮುಗಿಯುತ್ತದೆ ಎಂದವರ ಕೈಯಿಂದಲೇ ಜನ ಮತ್ತೆ ಲೆಕ್ಕ ಕೇಳುತ್ತಿದ್ದಾರೆ, ಆ ದಿನವನ್ನೂ ಆ ಗಳಿಗೆಯನ್ನೂ ಯಾರೂ ಅರಿಯರು ಎಂದು ಯೇಸು ಹೇಳಿದ ಮೇಲೆ ನನ್ನನ್ನು ಕೇಳಬೇಡಿ, ದಿನ ಹೇಳುವವರಿಗೆ ಕಾಣಿಕೆಯನ್ನೂ ಕಳಿಸಬೇಡಿ.

ಪ್ರಶ್ನೆ: ಪ್ಯಾಲೆಸ್ಟೀನಿ ಕ್ರೈಸ್ತರು ಇತ್ತೀಚೆಗೆ ಮತಾಂತರವಾದವರೇ?

ಉತ್ತರ: ಅಲ್ಲ, ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದ ಪಂಚಾಶತ್ತಮ ದಿನದಂದು ಜೆರುಸಲೇಮಿನಲ್ಲಿದ್ದವರ ಪಟ್ಟಿಯಲ್ಲಿ ಅರಬರ ಹೆಸರೂ ಇದೆ, ಅಪೊಸ್ತಲರ ಕೃತ್ಯಗಳು 2:11 ಓದಿ.

ಪ್ರಶ್ನೆ: ಕ್ರಿಸ್ತನನ್ನು ಕೊಂದ ಜನಾಂಗಕ್ಕೆ ಇಷ್ಟು ಕನಿಕರ ಯಾಕೆ?

ಉತ್ತರ: ಈ ವಾಕ್ಯವನ್ನು ನಮ್ಮ ಯಾವ ಸಭೆಯಲ್ಲೂ ಇನ್ನು ಕೇಳಬಾರದು. ಆ ಅಪವಾದವನ್ನು ಯೆಹೂದ್ಯರೆಲ್ಲರ ಮೇಲೆ ಹೊರಿಸಕೂಡದೆಂದು ಕಥೋಲಿಕ ಸಭೆ 1965ರಲ್ಲೇ ವಿಧಿಸಿದೆ. ಪ್ಯಾಲೆಸ್ಟೀನಿಯರ ಹೆಸರಲ್ಲಿ ಈ ವಿಷವನ್ನು ಒಳಗೆ ತರುವವರು ಆ ಜನರಿಗೂ ಕೇಡು ಬಗೆಯುತ್ತಾರೆ.

ಪ್ರಶ್ನೆ: ಇಸ್ರೇಲ್ ಪ್ಯಾಲೆಸ್ಟೀನಿ ನೆಲವನ್ನು ಆಕ್ರಮಿಸಿಕೊಂಡಿರುವುದರಿಂದ ಲಾಭ ಮಾಡುವ ಕಂಪನಿಗಳನ್ನು ಬಹಿಷ್ಕರಿಸಬೇಕೇ?

ಉತ್ತರ: 2014ರಲ್ಲಿ ಅಮೆರಿಕದ ಪ್ರೆಸ್ಬಿಟೇರಿಯನ್ ಸಭೆ ಮೂರು ಕಂಪನಿಗಳಿಂದ ತನ್ನ ಹಣ ಹಿಂತೆಗೆಯಲು ನಿರ್ಧರಿಸಿದ್ದು 310ಕ್ಕೆ 303 ಮತಗಳಿಂದ. ಪ್ರಾರ್ಥಿಸಿ, ವರ್ಷಗಟ್ಟಲೆ ಚರ್ಚಿಸಿ ಬಂದವರೇ ಇಷ್ಟು ಸಮವಾಗಿ ಒಡೆದಿದ್ದಾರೆ. ನನಗೆ ನನ್ನದೇ ಆದ ಅಭಿಪ್ರಾಯವಿದೆ, ಅಂಕಣದಲ್ಲಿ ಅದನ್ನು ಆಜ್ಞೆಯಾಗಿ ಬರೆಯಲಾರೆ. ನಿಮ್ಮ ಸಭೆಯ ಹಣ ಎಲ್ಲಿ ಹೂಡಿಕೆಯಾಗಿದೆ ಎಂದು ಖಜಾಂಚಿಯನ್ನು ಮೊದಲು ಕೇಳಿ.

ಪ್ರಶ್ನೆ: ನಮ್ಮಕ್ಕ ಮಂಗಳೂರಿನಿಂದ ಹೋಗಿ ಇಸ್ರೇಲಿನಲ್ಲಿ ಹೋಮ್ ನರ್ಸ್ ಆಗಿದ್ದಾಳೆ. ಗಾಜಾಕ್ಕಾಗಿ ಮನೆಯಲ್ಲಿ ಪ್ರಾರ್ಥಿಸಿದೆವು ಎಂದದ್ದಕ್ಕೆ ಬೇಸರ ಮಾಡಿಕೊಂಡು ಮಾತು ಬಿಟ್ಟಿದ್ದಾಳೆ. ಏನು ಮಾಡಲಿ?

ಉತ್ತರ: ಕರಾವಳಿಯಿಂದ ಅಲ್ಲಿಗೆ ಹೋಗಿರುವವರ ಮನೆಗಳಿಂದ ಇಂಥ ಪತ್ರ ಬರುತ್ತಲೇ ಇದೆ. ನಿಮ್ಮಕ್ಕನ ಅನ್ನ ಆ ಮನೆಯಲ್ಲಿದೆ. ರಾತ್ರಿ ಸೈರನ್ ಆದಾಗ ನಡೆಯಲಾಗದ ಮುದುಕರನ್ನು ಎತ್ತಿಕೊಂಡು ಆಶ್ರಯದ ಕೋಣೆಗೆ ಓಡುವವಳು ಅವಳು. ಅವಳಿಗೆ ವಾದ ಕಳಿಸಬೇಡಿ. ಅವಳು ನೋಡಿಕೊಳ್ಳುವ ಅಜ್ಜ ಅಥವಾ ಅಜ್ಜಿಯ ಹೆಸರು ಕೇಳಿಕೊಳ್ಳಿ, ಆ ಹೆಸರೆತ್ತಿ ಪ್ರಾರ್ಥಿಸಿ. ಗಾಜಾದ ಪವಿತ್ರ ಕುಟುಂಬ ಧರ್ಮಕೇಂದ್ರಕ್ಕಾಗಿ ಪ್ರಾರ್ಥಿಸುವುದನ್ನೂ ಬಿಡಬೇಡಿ. 2025ರ ಜುಲೈಯಲ್ಲಿ ಆ ಚರ್ಚಿನ ಮೇಲೆ ಇಸ್ರೇಲಿನ ಶೆಲ್ ಬಿದ್ದು ಮೂವರು ಸತ್ತರು. ಎರಡೂ ಪ್ರಾರ್ಥನೆ ಮಾಡುತ್ತಿದ್ದೀರೆಂದು ಅಕ್ಕನಿಗೆ ಮುಚ್ಚುಮರೆಯಿಲ್ಲದೆ ಹೇಳಿ, ಹೇಳಿ ಸುಮ್ಮನಾಗಿ. ಅವಳಾಗಿ ಮಾತಾಡುವ ತನಕ ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಯಾವ ಕಡೆಯ ವಿಡಿಯೊವನ್ನೂ ಹಾಕಬೇಡಿ.